ಕುವಾನೊನ ಕೊನೆಯ ಸರಾಸರಿ

ನಮ್ಮ ಯಜಮಾನರಾದ ಕಾನ್ಜಿಯವರು ಕ್ಷೌರದಲ್ಲಿ ಎಷ್ಟು ಗಟ್ಟಿಗರು ಎಂದು ನಾನು ಹೇಳಲಾರೆ, ಆಟದ ಅಂಕಿ ಬರೆಯುವುದರಲ್ಲಿ ಮಾತ್ರ ಇಡೀ ಕೊಕುರಾ ಊರಿನಲ್ಲಿ ಅವರಿಗೆ ಸಮ ಇಲ್ಲ. ಊರ ತಂಡದ ಬೇಸ್‌ಬಾಲ್ ಆಟ ಇದ್ದ ದಿನ ಅಂಗಡಿಗೆ ಬೀಗ. ಬಲಗಡೆ ಗ್ಯಾಲರಿಯ ಮುಂದಿನ ಸಾಲಿನಲ್ಲಿ ಕೂತು, ತೊಡೆಯ ಮೇಲೆ ಸ್ಕೋರ್ ಪುಸ್ತಕ ಹರವಿಕೊಂಡು, ಎಸೆದ ಪ್ರತಿ ಚೆಂಡನ್ನೂ ಬರೆಯುತ್ತಾರೆ. ಮಸಾಯೆ ಎಂಬ ನಾನು ಅವರ ಪಕ್ಕದಲ್ಲಿ ನಿಂತು ತುತ್ತೂರಿ ಊದುತ್ತೇನೆ. ಹದಿನೈದು ವರ್ಷದಿಂದ ನಮ್ಮ ಸಂಸಾರ ನಡೆದಿರುವುದು ಹೀಗೆ.

ತುತ್ತೂರಿಗೆ ಒಂದು ಕಟ್ಟುನಿಟ್ಟಿದೆ. ನಮ್ಮವರು ಬ್ಯಾಟ್ ಹಿಡಿದಾಗ ಮಾತ್ರ ಊದಬೇಕು, ಒಬ್ಬೊಬ್ಬ ಆಟಗಾರನಿಗೆ ಅವನದೇ ರಾಗ. ಎದುರಾಳಿ ಬ್ಯಾಟ್ ಹಿಡಿದಾಗ ಎಡಗಡೆ ಗ್ಯಾಲರಿಯ ಅವರ ಕಡೆಯವರು ಊದುತ್ತಾರೆ, ನಾವು ಬಾಯಿ ಮುಚ್ಚಿಕೊಂಡು ಅನ್ನದ ಉಂಡೆ ತಿನ್ನಬೇಕು. ಇದನ್ನು ಮುರಿದವರನ್ನು ನಾನು ಕಂಡಿರಲಿಲ್ಲ.

ಅವತ್ತು ಅಕ್ಟೋಬರ್ ಮಧ್ಯಾಹ್ನ, ಆ ವರ್ಷದ ಕಟ್ಟಕಡೆಯ ಆಟ. ಎದುರಾಳಿ ನೀಗಾಟಾ. ಎರಡೂ ತಂಡಗಳಿಗೆ ಕಪ್ ಕೈತಪ್ಪಿ ತಿಂಗಳಾಗಿತ್ತು. ಆದರೂ ಮೈದಾನದಲ್ಲಿ ಕಾಲಿಡಲು ಜಾಗ ಇರಲಿಲ್ಲ, ಕುವಾನೊ ಇದ್ದನಲ್ಲ, ಅದಕ್ಕೆ. ನಮ್ಮ ಕುವಾನೊಗೆ ಮೂವತ್ತಾರು ವರ್ಷ, ಇದೇ ಕೊನೆಯ ವರ್ಷ ಎಂದು ಹೇಳಿಬಿಟ್ಟಿದ್ದ. ಹದಿನೈದು ವರ್ಷದಲ್ಲಿ ಮೂರು ಸಲ, ವರ್ಷದ ಅತಿ ಹೆಚ್ಚು ಸರಾಸರಿಗೆ ಸಿಗುವ ಬ್ಯಾಟಿಂಗ್ ಕಿರೀಟದ ಹತ್ತಿರ ಬಂದು ಮೂರು ಸಲವೂ ಎರಡನೆಯವನಾಗಿ ಉಳಿದಿದ್ದ. ಈ ಸಲ ಮೊದಲನೆಯವನಾಗಿ ಕೊನೆಯ ದಿನದವರೆಗೂ ಬಂದಿದ್ದ. ಅವನ ರಾಗ ಕಟ್ಟಿದವಳು ನಾನು. ಹೊಟ್ಟೆಯ ಮಗನ ಮೇಲೆ ಇರುವಂಥ ಆಸೆ ನನಗೆ ಅವನ ಮೇಲೆ.

ಬೆನ್ನ ಹಿಂದೆಯೇ ಇದ್ದವನು ನೀಗಾಟಾದ ಇಗಾರಾಶಿ, ಇಪ್ಪತ್ತೆರಡರ ಹುಡುಗ. ಕುವಾನೊ ನಾನೂರ ಮೂವತ್ತೊಂದು ಸಲ ಬ್ಯಾಟ್ ಹಿಡಿದು ನೂರ ನಲವತ್ತೆರಡು ಹಿಟ್ ಹೊಡೆದಿದ್ದ. ಹಿಟ್ ಎಂದರೆ ಯಾರ ಕೈಗೂ ಸಿಗದೆ ಹೋಗಿ ಬ್ಯಾಟುಗಾರನನ್ನು ಬೇಸಿಗೆ ಮುಟ್ಟಿಸುವ ಹೊಡೆತ. ಇಗಾರಾಶಿ ನಾನೂರ ಅರವತ್ತೈದಕ್ಕೆ ನೂರ ಐವತ್ತಮೂರು. ಭಾಗಿಸಿದರೆ ಇಬ್ಬರದೂ ದಶಮಾಂಶ ಬಿಂದುವಿನ ನಂತರ ಮೂರು ಎರಡು ಒಂಬತ್ತು. ನಾಲ್ಕನೇ ಅಂಕಿಯಲ್ಲಿ ಕುವಾನೊಗೆ ನಾಲ್ಕು, ಇಗಾರಾಶಿಗೆ ಸೊನ್ನೆ. ಅಷ್ಟೇ ಅಂತರ.

"ಅಕ್ಕಾ, ನಿಮ್ಮ ಕುವಾನೊ ಇವತ್ತು ಆಡ್ತಾನೇ ಇಲ್ಲ. ಬೆಂಚ್ ಮೇಲೆ ಬೆಚ್ಚಗೆ ಕೂತಿದ್ದಾನೆ," ಎಂದ ಹಿಂದಿನ ಸಾಲಿನ ತೊಕುನಾಗಾ. ಅವನು ಟ್ಯಾಕ್ಸಿ ಓಡಿಸುತ್ತಾನೆ, ನಮ್ಮ ತಂಡದ ಅಭಿಮಾನಿಯೇ, ಆದರೆ ತಕರಾರು ತೆಗೆಯದಿದ್ದರೆ ಅವನಿಗೆ ಬಿಯರ್ ರುಚಿಸುವುದಿಲ್ಲ.

"ಅವನಿಗೆ ಸೊಂಟ ನೋವು ಅಂತ ರೇಡಿಯೋದಲ್ಲಿ ಹೇಳಿದ್ರಲ್ಲ," ಎಂದೆ.

"ಸೊಂಟ ಅಲ್ಲಕ್ಕ, ನಾಲ್ಕನೇ ಅಂಕಿ ನೋವು!"

ಕಾನ್ಜಿ ಪುಸ್ತಕದಿಂದ ತಲೆ ಎತ್ತಲಿಲ್ಲ. "ಬಂದು ಒಂದು ಸಲ ಔಟಾದ್ರೆ ಮೂರು ಎರಡು ಎಂಟಕ್ಕೆ ಇಳೀತಾನೆ. ಯಾಕಯ್ಯ ಬರ್ಬೇಕು?"

"ಎಡಗೈ ಪಿಚರ್ ಎದುರು ಇಗಾರಾಶಿ ಮೂರು ನಾಲ್ಕು ಒಂದು, ಅಣ್ಣ. ನಿಮ್ಮೋನು ಎರಡು ಆರು ಸೊನ್ನೆ. ಕಿರೀಟ ಯಾರ್ದು, ನೀವೇ ಹೇಳಿ."

"ಆ ಹುಡುಗ ಹೊಡೆದಿದ್ದೆಲ್ಲ ಅವನ ಊರ ಮೈದಾನದಲ್ಲಿ. ಅದೂ ಒಂದು ಮೈದಾನವೇನಯ್ಯ? ನನ್ನ ಅಂಗಡಿಗಿಂತ ಚಿಕ್ಕದು. ಹೊರಗೂರಲ್ಲಿ ಎರಡು ಒಂಬತ್ತು ನಾಲ್ಕು. ಕುವಾನೊ ಒಳಗೂ ಹೊರಗೂ ಒಂದೇ ಸಮ. ಬರ್ಕೋ."

"ಮೇ ತಿಂಗಳಲ್ಲಿ ನಿಮ್ಮ ಕುವಾನೊ ಏನ್ ಮಾಡ್ದ? ಎರಡು ಒಂದು ಏಳು!"

"ಮೇನಲ್ಲಿ ಅವನಿಗೆ ಹಲ್ಲು ನೋವಿತ್ತು!" ಎಂದು ನಾನು ಕಿರುಚಿದೆ. ಸುತ್ತ ಇದ್ದವರೆಲ್ಲ ನಕ್ಕರು. ನಗಲಿ, ಇದ್ದದ್ದು ನಿಜ.

ಮೊದಲ ಇನಿಂಗ್ಸಿನಲ್ಲೇ ಇಗಾರಾಶಿ ಬ್ಯಾಟ್ ಹಿಡಿದು ಬಂದ. ಬ್ಯಾಟುಗಾರನ ಬೆನ್ನ ಹಿಂದೆ ಕೂರುವ ನಮ್ಮ ಕ್ಯಾಚರ್ ಕುಕ್ಕರಗಾಲಿನಿಂದ ಎದ್ದು, ಕೈ ಚಾಚಿಕೊಂಡು ಪಕ್ಕಕ್ಕೆ ಸರಿದು ನಿಂತ. ಪಿಚರ್ ಕ್ಯಾಚರ್ ನಿಂತ ಕಡೆಗೇ ನಾಲ್ಕು ಚೆಂಡು ಎಸೆದ, ಬ್ಯಾಟಿಗೆ ಮಾರು ದೂರ. ನಾಲ್ಕು ಅಗಲ ಚೆಂಡು ಬಿದ್ದರೆ ಬ್ಯಾಟುಗಾರ ಸುಮ್ಮನೆ ಮೊದಲ ಬೇಸಿಗೆ ನಡೆದು ಹೋಗುತ್ತಾನೆ. ಅದು ಹಿಟ್ ಅಲ್ಲ, ಔಟ್ ಅಲ್ಲ, ಸರಾಸರಿಯ ಲೆಕ್ಕಕ್ಕೆ ಬರುವುದೇ ಇಲ್ಲ. ಹುಡುಗನಿಗೆ ಹೊಡೆಯಲು ಚೆಂಡೇ ಕೊಡದಿದ್ದರೆ ಅವನು ಏರುವುದು ಹೇಗೆ? ನಮ್ಮ ಮ್ಯಾನೇಜರು ಇಟ್ಟುಕೊಂಡಿದ್ದ ಉಪಾಯ ಇದು. ನನಗೂ ಒಳಗೊಳಗೆ ಸಮಾಧಾನವೇ ಆಯಿತು, ಸುಳ್ಳು ಯಾಕೆ ಹೇಳಲಿ.

ನಾವು ಬ್ಯಾಟ್ ಮಾಡುವಾಗ ಇಗಾರಾಶಿ ಫೀಲ್ಡಿಂಗಿಗೆ ನಿಲ್ಲುವ ಜಾಗ ಸರಿಯಾಗಿ ನಮ್ಮ ಗ್ಯಾಲರಿಯ ಕೆಳಗೆ. ನಾನು ಸುಮ್ಮನಿರಲಾರದೆ ಕೂಗಿದೆ: "ಏ ಇಗಾರಾಶಿ! ಕೂದಲು ಕುತ್ತಿಗೆಗೆ ಬಂದಿದೆ, ಸಾಯಂಕಾಲ ನಮ್ಮ ಅಂಗಡಿಗೆ ಬಾರಪ್ಪ!" ಅವನು ತಿರುಗಿ ಟೋಪಿ ಎತ್ತಿ ನಕ್ಕ. ನಗುವಾಗ ಅವನು ಇನ್ನೂ ಹೈಸ್ಕೂಲಿನಲ್ಲಿ ಇರುವವನಂತೆ ಕಂಡ.

ಎರಡನೇ ಸಲ ಬಂದಾಗಲೂ ನಾಲ್ಕು ಅಗಲ ಚೆಂಡು. ನೀಗಾಟಾದ ಕಡೆಯವರು ಬೊಬ್ಬೆ ಹಾಕಿದರು. ಮೂರನೇ ಸಲ ಕ್ಯಾಚರ್ ಎದ್ದು ನಿಂತಾಗ ನಮ್ಮ ಗ್ಯಾಲರಿಯಿಂದಲೇ ಯಾರೋ "ಥೂ" ಎಂದರು. ಹುಡುಗ ಕೈಗೆಟುಕದ ಚೆಂಡಿಗೆ ಬೇಕೆಂತಲೇ ಬ್ಯಾಟ್ ಬೀಸಿದ. ಗಾಳಿಗೆ ಹೊಡೆದ ಹಾಗಾಯಿತು. ಇನ್ನೊಂದಕ್ಕೂ ಬೀಸಿದ. ಮೂರನೆಯದಕ್ಕೂ ಬೀಸಿದ್ದರೆ ಔಟಾಗಿ ಸರಾಸರಿ ಇಳಿಯುತ್ತಿತ್ತು, ಅಷ್ಟರಲ್ಲಿ ಅವನ ಬೆಂಚಿನವರು ಕೂಗಿ ತಡೆದರು. ಬ್ಯಾಟನ್ನು ನೆಲಕ್ಕಿಟ್ಟು ತಲೆ ಬಗ್ಗಿಸಿಕೊಂಡು ಮೊದಲ ಬೇಸಿಗೆ ನಡೆದ. ಆಮೇಲೆ ಅವನು ನಮ್ಮ ಕೆಳಗೆ ಬಂದು ನಿಂತಾಗ ಅವನನ್ನು ಛೇಡಿಸಲು ಯಾರಿಗೂ ಬಾಯಿ ಬರಲಿಲ್ಲ.

ನನಗೆ ಮೈಯೆಲ್ಲ ಉರಿಯತೊಡಗಿತ್ತು. "ರೀ, ಇದು ಸರಿಯಾ?" ಎಂದೆ.

"ನಾಳೆ ಪೇಪರಲ್ಲಿ ಕುವಾನೊ ಮೊದಲು ಅಂತ ಬರುತ್ತೆ ಕಣೆ. ಅಂಕಿ ಅಂದ್ರೆ ಅಂಕಿ. ಹೇಗೆ ಬಂತು ಅಂತ ಯಾರು ಬರ್ದಿಡ್ತಾರೆ?"

"ನೀವೇ ಬರ್ದಿದೀರಲ್ಲ! ನೋಡಿ ಇಲ್ಲಿ, ಇಲ್ಲಿ, ಇಲ್ಲಿ. ಹೆದರಿಕೊಂಡು ಗೆದ್ದ ಅಂತ ನಿಮ್ಮ ಕೈಯಾರೆ ಮೂರು ಸಲ ಬರ್ದಿದೀರಿ."

ಕಾನ್ಜಿ ಅಂಗೈಯಿಂದ ಪುಟ ಮುಚ್ಚಿಕೊಂಡರು. "ಹದಿನೈದು ವರ್ಷ ಮಸಾಯೆ. ಇವತ್ತು ಬಿಟ್ರೆ ಅವನಿಗೆ ಇನ್ನೊಂದು ದಿನ ಇಲ್ಲ. ನೀನು ಬಾಯಿ ಮುಚ್ಚು."

ಒಂಬತ್ತನೆಯ, ಕೊನೆಯ ಇನಿಂಗ್ಸು. ನೀಗಾಟಾ ನಾಲ್ಕು, ನಾವು ಎರಡು, ಆದರೆ ಅದರ ಕಡೆ ಯಾರಿಗೆ ಗಮನ? ಇಗಾರಾಶಿ ನಾಲ್ಕನೇ ಸಲ ಬಂದ. ಬೇಸುಗಳೆಲ್ಲ ಖಾಲಿ. ಕ್ಯಾಚರ್ ಮತ್ತೆ ಎದ್ದು ನಿಂತ.

ಏನು ಮಾಡುತ್ತಿದ್ದೇನೆ ಎಂದು ಯೋಚಿಸುವ ಮೊದಲೇ ತುತ್ತೂರಿ ನನ್ನ ತುಟಿಯಲ್ಲಿತ್ತು. ಇಗಾರಾಶಿಯ ರಾಗ ನನಗೆ ಬಾಯಿಪಾಠ, ಎರಡು ವರ್ಷದಿಂದ ಮೈದಾನದ ಆಚೆಯಿಂದ ಕೇಳಿಸಿಕೊಂಡು ಹಲ್ಲು ಕಡಿದ ರಾಗ. ಅದನ್ನೇ ಊದಿದೆ. ಎಡಗಡೆ ಗ್ಯಾಲರಿ ದಂಗಾಗಿ ತಾನು ಊದುವುದನ್ನೇ ನಿಲ್ಲಿಸಿತು. ಮೈದಾನದಲ್ಲೆಲ್ಲ ನನ್ನದೊಂದೇ ತುತ್ತೂರಿ.

ಕಾನ್ಜಿ ನನ್ನ ತೋಳು ಹಿಡಿದು ಜಗ್ಗಿದರು. "ಹುಚ್ಚು ಹಿಡೀತೇನೆ? ಕುವಾನೊನ ಕತ್ತು ನೀನೇ ಕುಯ್ತಿದ್ದೀಯಲ್ಲೇ!"

ನಾನು ನಿಲ್ಲಿಸಲಿಲ್ಲ. ಹಿಂದಿನಿಂದ ತೊಕುನಾಗಾ ಕೂಗಲು ತಂದಿದ್ದ ಪ್ಲಾಸ್ಟಿಕ್ ಕೊಳವೆಯನ್ನು ಬೆಂಚಿಗೆ ಬಡಿದು ತಾಳ ಹಾಕಿದ. "ಎಸೀರೋ! ಸರಿಯಾಗಿ ಎಸೀರೋ!" ಆ ಕೂಗನ್ನು ಒಂದು ಸಾಲು ಎತ್ತಿಕೊಂಡಿತು, ಆಮೇಲೆ ಹತ್ತು ಸಾಲು, ಆಮೇಲೆ ನಮ್ಮ ಇಡೀ ಗ್ಯಾಲರಿ. ಎಡಗಡೆಯವರೂ ಸೇರಿಕೊಂಡರು. ಕಾಲ ಕೆಳಗಿನ ಕಾಂಕ್ರೀಟು ನಡುಗುತ್ತಿತ್ತು.

ಆಗ ನಮ್ಮ ಬೆಂಚಿನಿಂದ ಕುವಾನೊ ಎದ್ದು ಬಂದ. ಮ್ಯಾನೇಜರ ಕಿವಿಯ ಹತ್ತಿರ ಬಾಗಿ ಏನೋ ಹೇಳಿದ. ಮ್ಯಾನೇಜರು ಕೂತುಕೋ ಎಂದು ಕ್ಯಾಚರ್ ಕಡೆ ಕೈ ತಗ್ಗಿಸಿದರು. ಕ್ಯಾಚರ್ ಕುಕ್ಕರಗಾಲಿನಲ್ಲಿ ಕೂತ. ಮೈದಾನ ಹುಚ್ಚೆದ್ದು ಕೂಗಿತು, ನಾನು ಊದುತ್ತಾ ಅಳುತ್ತಾ ಕುಣಿದೆ.

ಎರಡನೇ ಚೆಂಡಿಗೇ ಇಗಾರಾಶಿ ಹೊಡೆದ. ನೆಲಕ್ಕೆ ತಾಗಿಕೊಂಡು ಇಬ್ಬರು ಫೀಲ್ಡರುಗಳ ನಡುವೆ ಸೀಳಿಕೊಂಡು ಹೋಯಿತು. ಶುದ್ಧವಾದ ಹಿಟ್.

ನಾನು ತುತ್ತೂರಿಯನ್ನು ತುಟಿಯಿಂದ ಕೆಳಗಿಳಿಸಿದೆ. ಕಾನ್ಜಿ ಲೆಕ್ಕ ಹಾಕುವ ತಮ್ಮ ಹಳೆಯ ಮಣಿಚೌಕಟ್ಟನ್ನು ತೊಡೆಗೆ ಒತ್ತಿಕೊಂಡು ಮಣಿ ಸರಿಸಿದರು. "ಮೂರು ಮೂರು ಸೊನ್ನೆ ನಾಲ್ಕು. ಹೋಯ್ತು." ನನ್ನ ಮುಖ ನೋಡಲಿಲ್ಲ.

"ಎಲ್ಲಿ ಹೋಯ್ತು ಅಣ್ಣ?" ತೊಕುನಾಗಾ ಕ್ಯಾಲ್ಕುಲೇಟರ್ ಹಿಡಿದು ಬೆಂಚು ಹಾರಿ ಮುಂದೆ ಬಂದ. "ಕುವಾನೊ ಈಗ ಬಂದು ಒಂದೇ ಒಂದು ಹಿಟ್ ಹೊಡೆದ್ರೆ ಮೂರು ಮೂರು ಒಂದು ಸೊನ್ನೆ! ಮತ್ತೆ ಅವನೇ ಮೇಲೆ! ಇಗಾರಾಶಿಗೆ ಇನ್ನು ಸರದಿ ಬರಲ್ಲ!"

ಕಾನ್ಜಿ ಮಣಿಯಲ್ಲಿ ಮತ್ತೆ ಲೆಕ್ಕ ಮಾಡಿದರು. "ಹೌದು ಕಣೋ."

ನಮ್ಮ ಸರದಿಯಲ್ಲಿ ಇಬ್ಬರು ಬೇಗ ಬೇಗ ಔಟಾದರು. ಇನ್ನೊಬ್ಬ ಔಟಾದರೆ ಆಟ ಮುಗಿಯಿತು. ಮೂರನೆಯವನ ಬದಲಿಗೆ ಕುವಾನೊ ಬ್ಯಾಟ್ ಹಿಡಿದು ಬಂದ. ನಾನು ಅವನ ರಾಗ ಎತ್ತಿಕೊಂಡೆ. ನನ್ನ ಪಾಪ ತೊಳೆಯಬೇಕಿತ್ತಲ್ಲ, ಎದೆ ಬಿರಿದರೆ ಬಿರಿಯಲಿ ಎಂದು ಊದಿದೆ. ಎದುರಾಳಿ ಕ್ಯಾಚರ್ ಏಳಲಿಲ್ಲ. ಅವರೂ ನೇರವಾಗಿಯೇ ಎಸೆದರು.

ನಾಲ್ಕನೇ ಚೆಂಡಿಗೆ ಕುವಾನೊ ಹೊಡೆದ. ಚೆಂಡು ಎತ್ತರಕ್ಕೆ ಹೋಯಿತು, ನಮ್ಮ ಕಡೆಗೇ, ಬಲಗಡೆಗೆ. ಇಗಾರಾಶಿ ಬೆನ್ನು ತಿರುಗಿಸಿ ಓಡಿ ಬಂದ. ಗೋಡೆಯ ಹತ್ತಿರ ಬಂದು ನಿಂತು, ತಿರುಗಿ, ಗ್ಲೋವ್ ಎತ್ತಿದ. ನಮ್ಮಿಂದ ಹತ್ತು ಮಾರು ಕೂಡ ಇಲ್ಲ. ಚೆಂಡು ಅವನ ಗ್ಲೋವಿನೊಳಗೆ ಬಿದ್ದ ಸದ್ದು ನನಗೆ ಕೇಳಿಸಿತು. ಅದು ಪುಟಿದು ಹೊರಬಂದು ನೆಲಕ್ಕೆ ಬಿತ್ತು. ಕುವಾನೊ ನೋವಿನ ಸೊಂಟ ಹೊತ್ತುಕೊಂಡು ಎರಡನೇ ಬೇಸಿನವರೆಗೆ ಓಡಿದ್ದ.

ಮೈದಾನದ ಕಣ್ಣೆಲ್ಲ ಬೋರ್ಡಿನ ಮೇಲೆ. ಅಲ್ಲಿ ಎರಡು ದೀಪಗಳಿವೆ, ಹಿಟ್ ಎಂದೊಂದು, ಫೀಲ್ಡರ್ ತಪ್ಪು ಎಂದೊಂದು. ಹಿಟ್ ಎಂದರೆ ಕಿರೀಟ ಕುವಾನೊಗೆ. ತಪ್ಪು ಎಂದರೆ ಅದು ಕುವಾನೊನ ಲೆಕ್ಕಕ್ಕೆ ಔಟಾದ ಹಾಗೆಯೇ, ಕಿರೀಟ ಇಗಾರಾಶಿಗೆ. ಮೇಲಿನ ಕೋಣೆಯಲ್ಲಿ ಕೂತ ಅಂಕಿಗಾರರು ಯೋಚಿಸುತ್ತಿದ್ದರು.

"ಹಿಟ್! ಬಿಸಿಲು ಕಣ್ಣಿಗೆ ಹೊಡೀತು ಅವನಿಗೆ!" ತೊಕುನಾಗಾ.

"ಗಾಳಿ ಇತ್ತು! ಗಾಳಿ!" ಇದು ನಾನು. "ಗೋಡೆ ಹತ್ರ ಇತ್ತಲ್ಲ! ಅಷ್ಟು ದೂರ ಓಡಿ ಬಂದ್ರೆ ಯಾರು ಹಿಡೀತಾರೆ? ಹಿಟ್ ಅದು!"

ದೀಪ ಹೊತ್ತಿತು. ಹಿಟ್.

ಆ ಗದ್ದಲವನ್ನು ನಾನು ಹೇಗೆ ಹೇಳಲಿ? ಗುರುತಿಲ್ಲದವರೆಲ್ಲ ತಬ್ಬಿಕೊಂಡರು, ಯಾರದೋ ಬಿಯರ್ ನನ್ನ ತಲೆಯ ಮೇಲೆ ಸುರಿಯಿತು, ತೊಕುನಾಗಾ ನನ್ನನ್ನು ಎತ್ತಿಕೊಂಡು ಒಂದು ಸುತ್ತು ತಿರುಗಿಸಿದ. "ಕಿರೀಟ! ಅಕ್ಕಾ, ಕಿರೀಟ!" ಕುವಾನೊ ಎರಡನೇ ಬೇಸಿನ ಮೇಲೆ ನಿಂತು ಹೆಲ್ಮೆಟ್ ತೆಗೆದು ನಮ್ಮ ಕಡೆ ಬೀಸಿದ. ನಾನು ಯಜಮಾನರನ್ನು ತಬ್ಬಿಕೊಳ್ಳಲು ಬಗ್ಗಿದೆ. ಅವರು ಕೂತೇ ಇದ್ದರು. ಪುಸ್ತಕದ ಆ ಚೌಕದಲ್ಲಿ ಮಸಿ ಇನ್ನೂ ಹಸಿಯಾಗಿತ್ತು. ಅಲ್ಲಿ ಫೀಲ್ಡರ್ ತಪ್ಪು ಎಂದಿತ್ತು.

"ರೀ, ಬೋರ್ಡ್ ನೋಡ್ರೀ! ಹಿಟ್ ಕೊಟ್ಟಿದ್ದಾರೆ!"

"ನೋಡ್ದೆ."

"ಮತ್ತೆ ಇದೇನ್ರೀ ಬರ್ದಿರೋದು? ತಿದ್ದಿ!"

"ಗ್ಲೋವ್ ಒಳಗೆ ಬಿದ್ದಿತ್ತು ಮಸಾಯೆ. ನಿಂತುಕೊಂಡು ಹಿಡಿಯೋ ಚೆಂಡು. ಬಿಟ್ಟುಬಿಟ್ಟ."

"ಅಂಕಿ ಅಂದ್ರೆ ಅಂಕಿ ಅಂದವರು ನೀವೇ ಅಲ್ವೇನ್ರೀ? ಹದಿನೈದು ವರ್ಷ ಕಾದಿದ್ದೀರಲ್ರೀ!"

"ಕಾದಿದ್ದೀನಿ." ಅವರ ಕಣ್ಣು ತುಂಬಿತ್ತು. "ಅವರು ಕೊಟ್ಟ ಕಿರೀಟ ಅವನು ತಗೊಳ್ಳಲಿ, ಚಪ್ಪಾಳೆ ನಾನೂ ತಟ್ತೀನಿ. ಆದ್ರೆ ಅವನ ಒಂದು ಹೊಡೆತವನ್ನೂ ನಾನು ಸುಳ್ಳು ಬರ್ದಿಲ್ಲ ಕಣೆ. ಕೊನೇದನ್ನ ಹೇಗೆ ಬರೀಲಿ?"

ಅರ್ಧ ಗಂಟೆಯ ಹಿಂದೆ ನ್ಯಾಯ ಹೇಳಿದವಳು ನಾನು. ಕೆಳಗೆ ಇಗಾರಾಶಿ ಖಾಲಿ ಗ್ಲೋವನ್ನೇ ನೋಡುತ್ತಾ ನಿಂತಿದ್ದ. ಚೆಂಡು ಬಿದ್ದ ಸದ್ದನ್ನು ನಾನೂ ಕೇಳಿದ್ದೆ, ಕೇಳಿಯೂ ಗಾಳಿ ಎಂದಿದ್ದೆ.

ಅವರ ಪಕ್ಕದಲ್ಲಿ ಕೂತೆ. "ನಿಮ್ಮ ಲೆಕ್ಕದಲ್ಲಿ ಎಷ್ಟಾಯ್ತು?"

ಮಣಿ ಸರಿಸಿದರು. "ಮೂರು ಎರಡು ಎಂಟು ಏಳು. ಎರಡನೇ ಸ್ಥಾನ."

"ಅಕ್ಕಾ, ಊದಿ! ಏನ್ ಕೂತಿದ್ದೀರಿ?" ಎಂದು ತೊಕುನಾಗಾ ಅರಚುತ್ತಿದ್ದ.

ಎದ್ದು ನಿಂತು ಕುವಾನೊನ ರಾಗ ಊದಿದೆ, ಒಂದು ಸ್ವರವನ್ನೂ ನುಂಗದೆ. ಗ್ಯಾಲರಿ ಅದು ಕಿರೀಟಕ್ಕೆ ಎಂದುಕೊಂಡು ಕುಣಿಯಿತು. ನಾನು ಊದಿದ್ದು ಆ ಮೂರು ಎರಡು ಎಂಟು ಏಳಕ್ಕೆ. ಅದು ಗೊತ್ತಿದ್ದ ಒಬ್ಬರು ಪೆನ್ನಿಗೆ ಮುಚ್ಚಳ ಹಾಕಿ, ಮೊಣಕಾಲಿನ ಮೇಲೆ ತಾಳ ತಟ್ಟಿದರು.