ಬ್ರೇಕ್ ಬಿದ್ದುಹೋದ ಕಥೆ

ಹಳದಿ ಮೇಸ್ತ್ರಿ ಎಂದರೆ ಆ ಊರಲ್ಲಿ ಕಾರು ಇಟ್ಟವರಿಗೆಲ್ಲ ಗೊತ್ತು. ಹೆತ್ತವರು ಇಟ್ಟ ಹೆಸರು ಗ್ಯಾರೇಜಿನ ಬೋರ್ಡಿನ ಮೇಲೂ ಇರಲಿಲ್ಲ. ಯಾವ ನಟ್ಟನ್ನೇ ಬಿಗಿ ಮಾಡಲಿ, ಮಾಡಿದ ಮೇಲೆ ಅದರ ಮೇಲೊಂದು ಹಳದಿ ಬಣ್ಣದ ಚುಕ್ಕೆ ಇಡುವುದು ಅವನ ಪದ್ಧತಿ. ಚುಕ್ಕೆ ಇದೆ ಎಂದರೆ ಮೇಸ್ತ್ರಿ ಅದನ್ನು ಕಣ್ಣಾರೆ ನೋಡಿದ್ದಾನೆ, ಇನ್ನು ಯೋಚನೆ ಬೇಡ. ಬೇರೆ ಗ್ಯಾರೇಜಿನವರೂ ಹಳದಿ ಚುಕ್ಕೆ ಕಂಡರೆ ಆ ಜಾಗವನ್ನು ಮುಟ್ಟದೆ ಮುಂದೆ ಹೋಗುತ್ತಿದ್ದರು. ಈ ಸಂಗತಿಯನ್ನು ಊರಿಗೆಲ್ಲ ಹೇಳಿಕೊಂಡು ಬಂದವನೂ ಅವನೇ. ಜಂಬ ಸ್ವಲ್ಪ ಇತ್ತು ಅನ್ನಿ.

ಅವನಿಗಿದ್ದ ಇನ್ನೊಂದು ವಿದ್ಯೆ ಕಥೆ ಹೇಳುವುದು. ಮನೆಯವರೆಲ್ಲ ಒಟ್ಟಿಗೆ ಊಟಕ್ಕೆ ಕೂತರೆ ಸಾಕು, ಅರ್ಧ ಊಟದಲ್ಲಿ ಯಾರಾದರೊಬ್ಬರು "ಗೋಡೆ ಕಥೆ ಹೇಳೋ" ಎನ್ನುವವರೇ. ಹತ್ತೊಂಬತ್ತು ವರ್ಷದ ಹಿಂದೆ ಅವನ ಅಕ್ಕ ಅಪ್ಪನ ಪುಟ್ಟ ಕಾರನ್ನು ಇಳಿಜಾರಿನಲ್ಲಿ ತಂದು ಲೈಬ್ರರಿಯ ಕಾಂಪೌಂಡಿಗೆ ಗುದ್ದಿದ ಕಥೆ ಅದು. ಮೇಸ್ತ್ರಿ ಕುರ್ಚಿಯನ್ನು ಹಿಂದಕ್ಕೆ ತಳ್ಳುತ್ತಿದ್ದ, ಖಾಲಿ ತಟ್ಟೆಯನ್ನು ಸ್ಟೀರಿಂಗ್ ಮಾಡಿಕೊಳ್ಳುತ್ತಿದ್ದ, ಕಣ್ಣು ಇಷ್ಟಗಲ ಮಾಡಿ ಅಕ್ಕನ ದನಿಯಲ್ಲೇ "ಬ್ರೇಕ್ ಬಿದ್ದೋಯ್ತು ಕಣ್ರೀ, ಬಿದ್ದೇ ಹೋಯ್ತು!" ಎಂದು ಕಿರುಚುತ್ತಿದ್ದ. ಎಲ್ಲರಿಗೂ ಹೊಟ್ಟೆ ಹುಣ್ಣಾಗುವಷ್ಟು ನಗು. ಭಾವ, ಅಂದರೆ ಅಕ್ಕನ ಗಂಡ, ಅವತ್ತು ಪಕ್ಕದ ಸೀಟಿನಲ್ಲಿದ್ದು ಮುರಿದುಕೊಂಡ ಮೊಣಕಾಲನ್ನು ತಟ್ಟಿ ತೋರಿಸಿ "ಇದು ನನ್ನ ಹೆಂಡತಿ ಹಾಕಿದ ಸಹಿ" ಎನ್ನುತ್ತಿದ್ದರು. ಆ ಮನೆಯಲ್ಲಿ ಹಾಲು ಉಕ್ಕಿದರೂ ಲೋಟ ಕೈಜಾರಿದರೂ "ಬ್ರೇಕ್ ಬಿದ್ದೋಯ್ತು" ಅನ್ನುವುದು ವಾಡಿಕೆಯಾಗಿಬಿಟ್ಟಿತ್ತು. ಅಕ್ಕ ಮಾತ್ರ ಕಥೆ ಶುರುವಾದ ಕೂಡಲೇ ನೀರು ತರಲು ಎದ್ದು ಅಡುಗೆಮನೆಗೆ ಹೋಗುತ್ತಿದ್ದಳು. ಅವಳೂ ಅಲ್ಲಿ ನಗುತ್ತಿರುತ್ತಾಳೆ ಎಂದೇ ಮೇಸ್ತ್ರಿ ತಿಳಿದಿದ್ದ.

ನಡೆದದ್ದು ಏನು ಎಂಬುದರ ಬಗ್ಗೆ ಮನೆಯಲ್ಲಿ ಎರಡು ಮಾತಿರಲಿಲ್ಲ. ಅಕ್ಕ ಸ್ಟೀರಿಂಗ್ ಹಿಡಿದು ಆಗಿನ್ನೂ ಎರಡು ತಿಂಗಳು. ಗಾಬರಿಬಿದ್ದು ಬ್ರೇಕ್ ಎಂದುಕೊಂಡು ಆಕ್ಸಿಲರೇಟರ್ ತುಳಿದಿದ್ದಾಳೆ, ಅಷ್ಟೆ. ತೀರ್ಪು ಕೊಟ್ಟವನು ಮೇಸ್ತ್ರಿಯೇ. "ಗುರುವಾರ ತಾನೇ ಬ್ರೇಕ್ ಪೆಡಲ್ ಬಿಚ್ಚಿ ಸರಿ ಮಾಡಿದೀನಿ, ಚುಕ್ಕೆ ಇಟ್ಟಿದೀನಿ. ಅದು ಬೀಳೋ ಮಾತೇ ಇಲ್ಲ" ಎಂದು ಅವನು ಅಪ್ಪನ ಮುಂದೆ ನಿಂತು ಹೇಳಿದ್ದ. ಕಾರನ್ನು ಬಗ್ಗಿ ನೋಡುವ ಅಗತ್ಯ ಯಾರಿಗೂ ಕಾಣಲಿಲ್ಲ, ಅವನಿಗಂತೂ ಕಾಣಲೇ ಇಲ್ಲ. ಮೂತಿ ಜಜ್ಜಿದ ಕಾರನ್ನು ಲಾರಿಯ ಮೇಲೆ ಹೇರಿ ತಂದು ಹಿತ್ತಲ ಶೆಡ್ಡಿಗೆ ತಳ್ಳಿದರು. ಅಪ್ಪ ಬೀಗ ಹಾಕಿದರು. ಅಕ್ಕನಿಗೆ ಆಗಷ್ಟೇ ಮನೆಮನೆಗೆ ಹೋಗಿ ಬಾಣಂತಿಯರನ್ನು, ಹಸುಗೂಸುಗಳನ್ನು ನೋಡುವ ನರ್ಸ್ ಕೆಲಸ ಸಿಕ್ಕಿತ್ತು. ಕಾರು ಓಡಿಸಲು ಬರಬೇಕು ಎಂಬುದು ಅದರ ಷರತ್ತು. ಅವಳು ಬೇಡ ಎಂದು ಬರೆದುಕೊಟ್ಟು ಆಸ್ಪತ್ರೆಯ ಚೀಟಿ ಕೌಂಟರಿನಲ್ಲಿ ಕೂತಳು. ಇವತ್ತಿಗೂ ಅಲ್ಲೇ ಕೂತಿದ್ದಾಳೆ.

ಈಗ ಅಕ್ಕನ ಮಗಳಿಗೆ ಲೈಸೆನ್ಸ್ ಬಂದಿತ್ತು. ಹುಡುಗಿಗೆ ಹೊಸ ಕಾರು ಬೇಡ, ತಾತನ ಪುಟ್ಟ ಕಾರೇ ಬೇಕು. "ಮಾವ, ನೀನಿದ್ದೂ ಅದು ಓಡಲ್ಲ ಅಂದ್ರೆ ನಿನ್ನ ಹಳದಿ ಬಣ್ಣ ಯಾತಕ್ಕೆ?" ಎಂದು ಕೆಣಕಿದಳು. ಅಷ್ಟು ಸಾಕಾಯಿತು. ಭಾನುವಾರ ಅಮ್ಮನಿಗೆ ಎಪ್ಪತ್ತೈದು ತುಂಬುವ ದಿನ. ಅವತ್ತು ಎಲ್ಲರ ಕಣ್ಣೆದುರು ಕಾರನ್ನು ಶೆಡ್ಡಿನಿಂದ ಹೊರಗೆ ಓಡಿಸಿ ತರುತ್ತೇನೆ ಎಂದು ಮೇಸ್ತ್ರಿ ಮಾತು ಕೊಟ್ಟ.

ಸೋಮವಾರ ಬೀಗ ಒಡೆದ. ಧೂಳು ಬೆರಳು ದಪ್ಪ ಕೂತಿತ್ತು. ಟೈರುಗಳು ನೆಲಕ್ಕೆ ಅಂಟಿ ಚಪ್ಪಟೆಯಾಗಿದ್ದವು. ಇಂಜಿನ್ ಹಿಂದುಗಡೆ ಇರುವ ಕಾರು ಅದು, ಹಾಗಾಗಿ ಗುದ್ದಿದ್ದರಿಂದ ಇಂಜಿನ್ನಿಗೆ ಏನೂ ಆಗಿರಲಿಲ್ಲ. ಹಾಳು ಮಾಡಿದ್ದೆಲ್ಲ ಕಾಲ ಮತ್ತು ಇಲಿ. ಏರ್ ಫಿಲ್ಟರಿನೊಳಗೆ ಹಳೇ ದಿನಪತ್ರಿಕೆ ಚೂರು ಮಾಡಿ ಇಲಿ ಸಂಸಾರ ಹೂಡಿತ್ತು. ಟ್ಯಾಂಕಿನಲ್ಲಿ ಉಳಿದ ಪೆಟ್ರೋಲು ಬೆಲ್ಲದ ಪಾಕದಂತೆ ಗಟ್ಟಿಯಾಗಿ ವಾರ್ನಿಶ್ ವಾಸನೆ ಹೊಡೆಯುತ್ತಿತ್ತು. ಮೇಸ್ತ್ರಿ ಅವಸರ ಮಾಡಲಿಲ್ಲ. ಪ್ಲಗ್ಗುಗಳನ್ನು ಬಿಚ್ಚಿ ಆ ತೂತುಗಳಲ್ಲಿ ಎರಡೆರಡು ಚಮಚ ಎಣ್ಣೆ ಬಿಟ್ಟು ಎರಡು ದಿನ ನೆನೆಯಲು ಬಿಟ್ಟ. ಮೂರನೇ ದಿನ ಇಂಜಿನ್ನಿನ ಬೆಲ್ಟು ತಿರುಗುವ ಪುಲ್ಲಿಗೆ ಪಾನಾ ಹಾಕಿ ಕೈಯಲ್ಲೇ ತಿರುಗಿಸಿದ. ಮೊದಲು ಜಪ್ಪಯ್ಯ ಎನ್ನಲಿಲ್ಲ, ಆಮೇಲೆ ಕೂದಲೆಳೆಯಷ್ಟು, ಆಮೇಲೆ ಇಡೀ ಸುತ್ತು. ಟ್ಯಾಂಕು ತೊಳೆದ, ಕಾರ್ಬುರೇಟರಿನ ಸಣ್ಣ ಸಣ್ಣ ರಂಧ್ರಗಳನ್ನೆಲ್ಲ ಊದಿ ಬಿಡಿಸಿದ, ಹೊಸ ಬ್ಯಾಟರಿ ಕೂರಿಸಿದ. ಪ್ರತಿಯೊಂದರ ಮೇಲೂ ಹಳದಿ ಚುಕ್ಕೆ.

ಶುಕ್ರವಾರ ಮಧ್ಯಾಹ್ನ ಕೀಲಿ ತಿರುಗಿಸಿದಾಗ ಕಾರು ಎರಡು ಸಲ ಕೆಮ್ಮಿತು. ಮೂರನೇ ಸಲಕ್ಕೆ ಶೆಡ್ಡಿನ ತಗಡೆಲ್ಲ ಅದುರುವಂತೆ ಹೊತ್ತಿಕೊಂಡಿತು. ನೀಲಿ ಹೊಗೆಯ ನಡುವೆ ಮೇಸ್ತ್ರಿ ಒಬ್ಬನೇ ಚಪ್ಪಾಳೆ ಹೊಡೆದುಕೊಂಡ. ಐವತ್ತು ದಾಟಿದ ಗಂಡಸು, ಕಣ್ಣಲ್ಲಿ ನೀರು ಬಂದಿತ್ತು.

ಇಂಜಿನ್ ಆರಿಸಿ, ಉಳಿದದ್ದು ಬ್ರೇಕ್ ಒಂದೇ ಎಂದುಕೊಂಡು ಪೆಡಲ್ ತುಳಿದ. ಪೆಡಲ್ ತಟ್ಟನೆ ನೆಲಕ್ಕೆ ಬಿತ್ತು.

ಬ್ರೇಕ್ ಎಣ್ಣೆ ಆರಿಹೋಗಿದ್ದರೆ ಹೀಗಾಗುವುದು ಸಹಜ. ಹೊಸ ಎಣ್ಣೆ ತುಂಬಿದ, ಮತ್ತೆ ತುಳಿದ. ಮತ್ತೆ ಬಿತ್ತು. ಮೆತ್ತಗೆ ಇಳಿದದ್ದಲ್ಲ, ಆ ಕಡೆ ಏನೂ ಇಲ್ಲವೇ ಇಲ್ಲ ಎಂಬಂತೆ ಬಿತ್ತು. ಮೇಸ್ತ್ರಿ ಟಾರ್ಚ್ ಹಿಡಿದು, ಸೀಟಿನ ಮೇಲೆ ಕಾಲು ಹಾಕಿ, ಸ್ಟೀರಿಂಗಿನ ಕೆಳಗೆ ತಲೆ ತೂರಿಸಿ ಅಂಗಾತ ಮಲಗಿದ.

ಪೆಡಲ್ಲಿಗೂ ಬ್ರೇಕಿನ ಸರಳಿಗೂ ಸಂಬಂಧವೇ ಇರಲಿಲ್ಲ. ಎರಡನ್ನೂ ಕೂಡಿಸುವ ಬೆರಳು ಗಾತ್ರದ ಪಿನ್ನು ಅಲ್ಲಿರಲಿಲ್ಲ. ಸರಳು ಒಂದು ಕಡೆ, ಪೆಡಲ್ ಒಂದು ಕಡೆ ನೇತಾಡುತ್ತಿದ್ದವು. ಪೆಡಲ್ಲಿನ ತುದಿಯಲ್ಲಿ, ಟಾರ್ಚಿನ ಬೆಳಕಿಗೆ ನಿಚ್ಚಳವಾಗಿ, ಒಂದು ಹಳದಿ ಚುಕ್ಕೆ ಇತ್ತು.

ಮೇಸ್ತ್ರಿ ನೆಲದ ರಬ್ಬರ್ ಮ್ಯಾಟನ್ನು ಕಿತ್ತು ತಡಕಾಡಿದ. ಮೂಲೆಯಲ್ಲಿ ಪಿನ್ನು ಸಿಕ್ಕಿತು. ಅದು ಜಾರದಂತೆ ತುದಿಯ ತೂತಿನಲ್ಲಿ ಒಂದು ಸಣ್ಣ ಸ್ಪ್ಲಿಟ್ ಪಿನ್ ತೂರಿಸಿ ಎರಡು ಕಾಲನ್ನೂ ಮಡಚಬೇಕು, ಕೂದಲಿಗೆ ಹಾಕುವ ಪಿನ್ನಿನಷ್ಟು ಪುಟ್ಟ ವಸ್ತು. ತೂತು ಖಾಲಿ. ಮುರಿದಿದ್ದರೆ ಚೂರಾದರೂ ಸಿಕ್ಕಿಕೊಂಡಿರಬೇಕಿತ್ತು. ಚೂರಿಲ್ಲ, ಗೀರಿಲ್ಲ, ಏನೂ ಇಲ್ಲ. ಅಲ್ಲಿಗೆ ಸ್ಪ್ಲಿಟ್ ಪಿನ್ ಹಾಕಿಯೇ ಇರಲಿಲ್ಲ.

"ಸಾಧ್ಯವೇ ಇಲ್ಲ" ಎಂದು ಅವನು ಗಟ್ಟಿಯಾಗಿ ಹೇಳಿದ. ಹೇಳುತ್ತಿದ್ದಂತೆಯೇ ಆ ಗುರುವಾರ ನೆನಪಿಗೆ ಬಂತು, ಬೇಡವೆಂದರೂ ಬಂತು. ಇದೇ ರೀತಿ ಅಂಗಾತ ಮಲಗಿದ್ದ. ಸ್ಪ್ಲಿಟ್ ಪಿನ್ ತುಟಿಯಲ್ಲಿ ಕಚ್ಚಿಕೊಂಡಿದ್ದ, ಬಣ್ಣದ ಕುಂಚ ಕೈಯಲ್ಲಿತ್ತು. ಅಕ್ಕ ಟೀ ತಂದು "ಎದ್ದೇಳೋ, ಆರಿಹೋಗತ್ತೆ" ಎಂದಿದ್ದಳು. ಉತ್ತರ ಕೊಡಲು ಬಾಯಿಯಿಂದ ಪಿನ್ ತೆಗೆದು ಎಲ್ಲೋ ಇಟ್ಟ. ಕುಂಚ ಒಣಗುತ್ತದಲ್ಲ ಎಂದು ಚುಕ್ಕೆಯನ್ನು ಮೊದಲೇ ಇಟ್ಟುಬಿಟ್ಟ. ಟೀ ಕುಡಿದು ಬಂದು ನೋಡಿದರೆ ಚುಕ್ಕೆ ಇತ್ತು. ಚುಕ್ಕೆ ಇದ್ದರೆ ಕೆಲಸ ಮುಗಿದಿದೆ ಎಂದರ್ಥ.

ಕೈ ಚಾಚಿ ಡ್ಯಾಶ್‌ಬೋರ್ಡಿನ ಆಶ್‌ಟ್ರೇ ಎಳೆದ. ಅಪ್ಪ ಜನ್ಮದಲ್ಲಿ ಸಿಗರೇಟು ಮುಟ್ಟಿದವರಲ್ಲ, ಆ ಡಬ್ಬಿಯನ್ನು ತೆರೆಯುವ ಕೆಲಸ ಯಾರಿಗೂ ಇರಲಿಲ್ಲ. ಒಳಗೆ ಒಂದು ಸ್ಪ್ಲಿಟ್ ಪಿನ್ ಇತ್ತು. ಹೊಚ್ಚ ಹೊಸದು. ಎರಡು ಕಾಲೂ ನೆಟ್ಟಗಿದ್ದವು.

ಆಮೇಲೆ ಕೈ ಅಭ್ಯಾಸಬಲದಿಂದ ಕೆಲಸಕ್ಕೆ ಇಳಿಯಿತು. ದೊಡ್ಡ ಪಿನ್ನನ್ನು ಒರೆಸಿ ತೂರಿಸಿದ. ಡಬ್ಬದಿಂದ ಬೇರೊಂದು ಸ್ಪ್ಲಿಟ್ ಪಿನ್ ತೆಗೆದು ಹಾಕಿ ಕಾಲು ಮಡಚಿದ. ಬ್ರೇಕ್ ಪೈಪಿನೊಳಗೆ ಸಿಕ್ಕಿಕೊಂಡಿದ್ದ ಗಾಳಿಯನ್ನು ಚಕ್ರಗಳ ಹತ್ತಿರ ಹೊರಗೆ ಬಿಟ್ಟು ಬಂದು ಪೆಡಲ್ ತುಳಿದರೆ ಕಲ್ಲಿನಂತೆ ನಿಂತಿತು. ಇಷ್ಟೇ. ಇನ್ನು ಈ ವಿಷಯ ಅವನೊಬ್ಬನಿಗೇ ಗೊತ್ತು. ಅಪ್ಪನೂ ಇಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಹಳದಿ ಮೇಸ್ತ್ರಿ ಹಳದಿ ಮೇಸ್ತ್ರಿಯಾಗಿಯೇ ಇರುತ್ತಾನೆ. ಕುಂಚವನ್ನು ಬಣ್ಣದಲ್ಲಿ ಅದ್ದಿ ಪೆಡಲ್ಲಿನ ಹತ್ತಿರ ಒಯ್ದ. ಕೈ ಮುಂದೆ ಹೋಗಲಿಲ್ಲ. ಬಣ್ಣ ತೊಟ್ಟಿಕ್ಕಿ ಅವನ ಪ್ಯಾಂಟಿನ ಮೇಲೆ ಬಿತ್ತು.

"ಇಂಜಿನ್ ಸದ್ದು ಕೇಳಿಸ್ತು" ಎಂದಿತು ಬಾಗಿಲಲ್ಲಿ ದನಿ.

ಅಕ್ಕ. ಅವಳ ಮನೆ ಪಕ್ಕದ ಬೀದಿಯಲ್ಲೇ, ಶುಕ್ರವಾರ ಅವಳಿಗೆ ಅರ್ಧ ದಿನ ರಜೆ. ಶೆಡ್ಡಿನ ಹೊಸ್ತಿಲಲ್ಲೇ ನಿಂತಿದ್ದಳು, ಒಳಗೆ ಬಂದಿರಲಿಲ್ಲ. "ಯಾಕೋ ಮುಖ ಹಿಂಗಾಗಿದೆ? ಕೈಗೇನಾದ್ರೂ ಮಾಡ್ಕೊಂಡ್ಯಾ?"

ಮೇಸ್ತ್ರಿಗೆ ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅವನು ಅಂಗೈ ಬಿಚ್ಚಿದ. ಆಶ್‌ಟ್ರೇಯ ಸ್ಪ್ಲಿಟ್ ಪಿನ್ ಅಲ್ಲಿತ್ತು. ಅದು ಏನು, ಎಲ್ಲಿರಬೇಕಿತ್ತು, ಎಲ್ಲಿತ್ತು, ಎಲ್ಲವನ್ನೂ ತೊದಲುತ್ತ ಹೇಳಿದ. ಊರಿಗೆಲ್ಲ ಕಥೆ ಹೇಳುವ ಬಾಯಿಗೆ ನಾಲ್ಕು ಮಾತು ಜೋಡಿಸಲು ಬರಲಿಲ್ಲ.

ಅಕ್ಕ ಹೊಸ್ತಿಲ ಬಳಿ ಇದ್ದ ಹಳೇ ಟೈರಿನ ಮೇಲೆ ಮೆಲ್ಲಗೆ ಕೂತು, ಬಲಗಾಲನ್ನು ಸ್ವಲ್ಪ ಮುಂದೆ ಚಾಚಿ, ಅದು ಬೇರೆ ಯಾರದೋ ಕಾಲೆಂಬಂತೆ ನೋಡಿದಳು.

"ಹಾಗಾದ್ರೆ ನಾನು ತುಳಿದಿದ್ದು ಬ್ರೇಕೇ?"

"ಹೂಂ ಅಕ್ಕ."

"ನಿಜವಾಗ್ಲೂ ಬಿದ್ದುಹೋಗಿತ್ತಾ?"

"ಬಿದ್ದೇ ಹೋಗಿತ್ತು."

"ಮೊದಲೆರಡು ವರ್ಷ ಎಲ್ಲರ ಜೊತೆ ಜಗಳ ಆಡ್ದೆ" ಎಂದಳು ಅಕ್ಕ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವನಿಗೆ ಸಹಿಸಲಾಗಲಿಲ್ಲ. "ಆಮೇಲೆ ನೀವೆಲ್ಲ ಹೇಳಿದ್ದೇ ಸರಿ ಅನ್ನಿಸ್ತು. ನನಗೂ ಆಕ್ಸಿಲರೇಟರ್ ತುಳಿದ ಹಾಗೇ ನೆನಪಾಗೋಕೆ ಶುರುವಾಯ್ತು ಕಣೋ. ಕನಸಲ್ಲೂ ಅದೇ. ನನ್ನ ಕಾಲನ್ನ ನಾನೇ ನಂಬಲಿಲ್ಲ. ಮಗಳನ್ನ ಎತ್ಕೊಂಡು ಮೆಟ್ಟಿಲು ಇಳಿಯೋಕೂ ಹೆದರ್ತಿದ್ದೆ, ಗೊತ್ತಾ ನಿನಗೆ?"

ಗೊತ್ತಿರಲಿಲ್ಲ. ಮೇಸ್ತ್ರಿ ಅವಳ ಕಾಲ ಹತ್ತಿರ ಕುಸಿದು ಕೂತ. "ಬೈಯಕ್ಕ. ಹೊಡಿ. ಏನಾದ್ರೂ ಮಾಡು."

ಅಕ್ಕ ಏಳುವಾಗ ಅವನ ಭುಜಕ್ಕೆ ಕೈ ಊರಿದಳು. "ಬೈಯೋದು ಇರಲಿ. ಭಾನುವಾರ ಗೋಡೆ ಕಥೆ ಕೇಳ್ತಾರಲ್ಲ, ಹೇಳು. ಯಾವಾಗ್ಲೂ ಹೇಳೋ ಹಾಗೇ ಹೇಳು, ತಟ್ಟೆ ಹಿಡ್ಕೊಂಡೇ. ಆದ್ರೆ ಪೂರ್ತಿ ಹೇಳು."

ಭಾನುವಾರ ಕಾರು ಹೊರಗೆ ತರುವುದನ್ನು ಮೇಸ್ತ್ರಿ ಊಟದ ನಂತರಕ್ಕೆ ಇಟ್ಟಿದ್ದ. ಕೇಕ್ ಕತ್ತರಿಸಿ, ಊಟ ಅರ್ಧ ಆಗುವಷ್ಟರಲ್ಲಿ, ಅಮ್ಮನೇ ಬಾಯಿ ಬಿಟ್ಟರು. "ನನ್ನ ಹುಟ್ಟಿದಹಬ್ಬಕ್ಕೆ ಗೋಡೆ ಕಥೆ ಇಲ್ವೇನೋ?"

ಮೇಸ್ತ್ರಿ ಎದ್ದ. ಕುರ್ಚಿ ಹಿಂದಕ್ಕೆ ತಳ್ಳುವ ಸದ್ದಿಗೇ ನಗು ಶುರುವಾಯಿತು. ತಟ್ಟೆ ಹಿಡಿದ, ಇಳಿಜಾರಿನಲ್ಲಿ ತೂಗಾಡಿದ. "ಬ್ರೇಕ್..." ಎನ್ನುವಷ್ಟರಲ್ಲಿ ಇಡೀ ಮೇಜೇ ಒಕ್ಕೊರಲಿನಿಂದ "ಬಿದ್ದೋಯ್ತು!" ಎಂದು ಕೂಗಿತು. ಅಕ್ಕನ ಕುರ್ಚಿಯ ಕಡೆ ನೋಡಿದ. ಅವಳು ನೀರು ತರಲು ಎದ್ದಿರಲಿಲ್ಲ.

"ಬಿದ್ದೇ ಹೋಗಿತ್ತು" ಎಂದ ಮೇಸ್ತ್ರಿ. "ನಾನು ಬೀಳಿಸಿದ್ದೆ."

ಇನ್ನೂ ಜೋರು ನಗು. ಹೊಸ ತಮಾಷೆ ಸೇರಿಸಿದ್ದಾನೆ ಎಂದುಕೊಂಡರು. ಭಾವ ಆಗಲೇ ಮೊಣಕಾಲು ತಟ್ಟಲು ಕೈ ಎತ್ತಿದ್ದರು. ಮೇಸ್ತ್ರಿ ತಟ್ಟೆಯನ್ನು ಕೆಳಗಿಟ್ಟು, ಜೇಬಿನಿಂದ ಸ್ಪ್ಲಿಟ್ ಪಿನ್ ತೆಗೆದು ಅದರೊಳಗೆ ಹಾಕಿದ. ಟಿಣ್ ಎಂದಿತು. ಗುರುವಾರದಿಂದ ಹಿಡಿದು ಹೇಳಿದ. ಟೀ ಹೇಳಿದ, ಕುಂಚ ಹೇಳಿದ, ಅಪ್ಪನ ಮುಂದೆ ತಾನು ಆಡಿದ ಮಾತನ್ನು ಅಕ್ಷರ ಬಿಡದೆ ಹೇಳಿದ. ನಗು ಒಬ್ಬೊಬ್ಬರದಾಗಿ ನಿಂತಿತು. ಕೊನೆಗೆ ನಗುತ್ತಿದ್ದವರು ಭಾವ ಒಬ್ಬರೇ, ಅವರಿಗೂ ಅರ್ಥವಾದಾಗ ಎತ್ತಿದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಮೇಜಿನ ಕೆಳಗೆ ಬಚ್ಚಿಟ್ಟುಕೊಂಡರು. ಅಕ್ಕನ ಮಗಳು ತಾಯಿಯನ್ನೇ ನೋಡುತ್ತಿದ್ದಳು.

"ನಿಮ್ಮಪ್ಪ ಸಾಯೋವರೆಗೂ ಅವಳ ಕೈಗೆ ಕೀಲಿ ಕೊಡಲಿಲ್ಲ" ಎಂದರು ಅಮ್ಮ. "ಈಗ ಅವರಿಗೆ ಯಾರು ಹೇಳ್ತಾರೋ?"

ಅಕ್ಕನೊಬ್ಬಳು ಊಟ ನಿಲ್ಲಿಸಿರಲಿಲ್ಲ. ತಟ್ಟೆಯಲ್ಲಿದ್ದ ಕೊನೆಯ ತುತ್ತನ್ನು ತಿಂದು, ಬಾಯಿ ಒರೆಸಿಕೊಂಡು, ತಮ್ಮನ ಕಡೆ ತಿರುಗಿದಳು.

"ಬಿದ್ದೇ ಹೋಗಿತ್ತು ಅಂದ್ಯಲ್ಲ, ಅದನ್ನ ಇನ್ನೊಂದ್ಸಲ ಹೇಳು" ಎಂದಳು.

ಅವನು ಹೇಳಿದ.