ಹಾಲು ಉಕ್ಕಿತು, ಬರ್ತೀನಿ

ಪುಕ್ಕಟೆ ಸಿಕ್ಕಿದ್ದನ್ನು ನೀರಜಾ ಸುಲಭಕ್ಕೆ ನಂಬುವವಳಲ್ಲ. ನಾಸಿಕ್ ರೋಡ್ ಸ್ಟೇಷನ್ನಿನಲ್ಲಿ ಕೊಂಡ ಕಂಪ್ಯೂಟರ್ ಪತ್ರಿಕೆಯ ಜೊತೆ ಒಂದು ಸಿ.ಡಿ. ಬಂದಾಗಲೂ ಅವಳಿಗೆ ಗುಮಾನಿಯೇ ಬಂತು. ಅದರಲ್ಲಿ ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಇತ್ತು, ಲೆಕ್ಕ ಇಡುವುದಕ್ಕೆ ಡೇಟಾಬೇಸ್ ಇತ್ತು, ಪ್ರೋಗ್ರಾಂ ಬರೆಯುವುದಕ್ಕೆ ಬೇಕಾದ ಸಲಕರಣೆಗಳೆಲ್ಲ ಇದ್ದವು. ಯಾರು ಬೇಕಾದರೂ ಹಾಕಿಕೊಳ್ಳಿ, ಬಿಚ್ಚಿ ನೋಡಿ, ತಿದ್ದಿ, ಇನ್ನೊಬ್ಬರಿಗೂ ಕೊಡಿ ಎಂದು ಬರೆದಿತ್ತು. ಯಾರಪ್ಪ ಈ ಪುಣ್ಯಾತ್ಮರು, ಇವರಿಗೆ ಇದರಿಂದ ಬರುವುದಾದರೂ ಏನು ಎಂದು ಅವಳ ತಲೆಯಲ್ಲಿ ಹುಳ ಹೊಕ್ಕಿತು. ಗಂಡ ರಘೋತ್ತಮ ಬ್ಯಾಂಕಿನವನು, ಬಡ್ಡಿಯಿಲ್ಲದೆ ಏನೂ ಹುಟ್ಟುವುದಿಲ್ಲ ಎಂದು ನಂಬಿದವನು. ಅವನು ಸಿ.ಡಿ.ಯನ್ನು ತಿರುಗಿಸಿ ನೋಡಿ, ಇದರಲ್ಲಿ ಏನೋ ಮಸಲತ್ತು ಇದೆ ಎಂದು ತೀರ್ಪು ಕೊಟ್ಟ.

ಉತ್ತರ ಸಿಕ್ಕಿದ್ದು ಅಡುಗೆಮನೆಯಲ್ಲಿ. ದೇವಳಾಲಿ ಕ್ಯಾಂಪಿನ ಆ ಬಾಡಿಗೆ ಮನೆಗೆ ಅವರು ಬಂದಾಗ ಮೂಲೆಯಲ್ಲಿ ಒಂದು ಭಾರಿ ರುಬ್ಬುವ ಕಲ್ಲು ಕೂತಿತ್ತು. ಕರ್ನಾಟಕದಿಂದ ವರ್ಗವಾಗಿ ಬರುವ ಬ್ಯಾಂಕಿನ ಸಂಸಾರಗಳಲ್ಲಿ ಒಂದು ರೂಢಿ ಉಂಟು. ಹೋಗುವವರು ಬರುವವರಿಗೆ ಮನೆ, ಗ್ಯಾಸು, ಹಾಲಿನವನು, ಹೊರಲಾಗದ ಕಲ್ಲು ಎಲ್ಲವನ್ನೂ ಒಪ್ಪಿಸಿ ಹೋಗುತ್ತಾರೆ. ಯಾವ ನಲ್ಲಿ ಯಾವಾಗ ಮುನಿಯುತ್ತದೆ ಎಂಬುದನ್ನೂ ಹೇಳಿ ಹೋಗುತ್ತಾರೆ. ಆ ಕಲ್ಲನ್ನು ಮೊದಲು ತಂದವರು ಯಾರೆಂದು ಯಾರಿಗೂ ಗೊತ್ತಿರಲಿಲ್ಲ. ನಡುವೆ ಯಾರೋ ಪುಣ್ಯಾತ್ಮರು ಅದಕ್ಕೆ ಹೊಸದಾಗಿ ಕಚ್ಚು ಹಾಕಿಸಿದ್ದರು. ಹಿಟ್ಟು ರುಬ್ಬುತ್ತಿದ್ದ ನೀರಜಾ ಒಂದು ದಿನ ಕೈ ನಿಲ್ಲಿಸಿ, ಅಯ್ಯೋ, ಸಿ.ಡಿ. ಅಂದರೆ ಇದೇ ಅಲ್ಲವೇ ಎಂದುಕೊಂಡಳು. ಅಲ್ಲಿಗೆ ಗುಮಾನಿ ಹೋಯಿತು, ಕುತೂಹಲ ಮಾತ್ರ ಉಳಿಯಿತು.

ಧಾರವಾಡದ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದವಳು ಗಂಡನ ವರ್ಗಾವಣೆಗೆ ಕೆಲಸ ಬಿಟ್ಟು ಬಂದಿದ್ದಳು. ಸುಮ್ಮನೆ ಕೂರುವ ಜೀವವಲ್ಲ ಅದು. ನಾಸಿಕ್‌ನ ಅಂಬಡ್ ಕೈಗಾರಿಕಾ ವಸಾಹತಿನ ಸಣ್ಣ ಸಣ್ಣ ಕಾರ್ಖಾನೆಗಳಿಗೆ ಹೋಗಿ, ನಿಮ್ಮ ಸರಕಿನ ಲೆಕ್ಕಕ್ಕೆ ಪ್ರೋಗ್ರಾಂ ಬರೆದುಕೊಡುತ್ತೇನೆ ಎಂದು ಹೇಳತೊಡಗಿದಳು. ಮೊದಲು ಬಾಗಿಲು ತೆರೆದವನು ಅರವಿಂದ ಖೈರನಾರ್. ಸ್ಕೂಟರಿನ ಬ್ರಾಕೆಟ್ಟು ಒತ್ತುವ ಪ್ರೆಸ್‌ಗಳ ಯಜಮಾನ, ಮಾತು ಒರಟು, ಚಹಾ ಮಾತ್ರ ಬಲು ಸಿಹಿ. ಅವನಿಗೆ ಹಿಂದೊಬ್ಬ ಸಾಫ್ಟ್‌ವೇರ್‌ನವನು ಪಾಸ್‌ವರ್ಡ್ ಹಾಕಿ ಕೊಟ್ಟು, ಫೋನಿಗೂ ಸಿಗದಂತೆ ಮಾಯವಾಗಿದ್ದ. ಆ ಗಾಯ ಇನ್ನೂ ಹಸಿಯಾಗಿತ್ತು.

ಮೂಲ ಸರಕೇ ಪುಕ್ಕಟೆಯಾದರೆ ನೀವು ಮಾರುವುದೇನು ಎಂದು ಖೈರನಾರ್ ಕೇಳಿದ. ನನ್ನ ಕೆಲಸ ಮಾರುತ್ತೇನೆ ಎಂದಳು ನೀರಜಾ. ಜೊತೆಗೊಂದು ಮಾತು ಕೊಟ್ಟಳು. ನಾನು ಬ್ಯಾಂಕಿನವನ ಹೆಂಡತಿ, ಇವತ್ತು ಇಲ್ಲಿ, ನಾಳೆ ಇನ್ನೆಲ್ಲೋ. ಆದ್ದರಿಂದ ಬರೆದ ಪ್ರೋಗ್ರಾಮನ್ನು ಬೀಗ ಹಾಕದೆ ನಿಮ್ಮ ಯಂತ್ರದಲ್ಲೇ ಬಿಡುತ್ತೇನೆ, ಬಲ್ಲವರು ಯಾರು ಬೇಕಾದರೂ ಬಿಚ್ಚಿ ತಿದ್ದಬಹುದು, ನನ್ನ ಹಂಗು ನಿಮಗೆ ಬೇಡ. ಆ ಮಾತೇ ವ್ಯಾಪಾರವಾಯಿತು. ಖೈರನಾರ್ ಒಪ್ಪಿದ ಮೇಲೆ ಅವನ ಜೊತೆ ಚಹಾ ಕುಡಿಯುವ ಅಕ್ಕಪಕ್ಕದ ಯಜಮಾನರೂ ಒಬ್ಬೊಬ್ಬರಾಗಿ ಒಪ್ಪಿದರು. ಹಳೆಯ, ಧೂಳು ಹಿಡಿದ ಕಂಪ್ಯೂಟರುಗಳ ಮೇಲೇ ಅವಳ ಪ್ರೋಗ್ರಾಂ ಓಡಿತು.

ಬರೆಯುವುದೆಲ್ಲ ಮನೆಯಲ್ಲಿ, ಊಟದ ಮೇಜಿನ ಮೇಲೆ, ಒಲೆಯ ಮೇಲೆ ಒಂದು ಕಣ್ಣಿಟ್ಟು. ಹೊರಗೆ ಮರಾಠಿ, ಹಿಂದಿ ಮಾತಾಡಿ ದಣಿದ ನಾಲಿಗೆಗೆ ಮನೆಯೊಂದೇ ಕನ್ನಡದ ಜಾಗ. ಹಾಗಾಗಿ ಇಂಗ್ಲಿಷ್ ಅಕ್ಷರದಲ್ಲೇ ಆದರೂ ಪ್ರೋಗ್ರಾಮಿನೊಳಗೆ ಕನ್ನಡ ತಾನಾಗಿಯೇ ನುಗ್ಗಿತು. ಉಗ್ರಾಣಕ್ಕೆ ಬಂದ ಸರಕಿಗೆ ‘ಬಂದದ್ದು’, ಕಳಿಸಿದ್ದಕ್ಕೆ ‘ಹೋದದ್ದು’, ಪ್ರೆಸ್‌ನಲ್ಲಿ ಹಾಳಾದದ್ದಕ್ಕೆ ‘ಕೆಟ್ಟದ್ದು’, ಮಿಕ್ಕಿದ್ದಕ್ಕೆ ‘ಉಳಿದದ್ದು’. ನಡುನಡುವೆ ತನಗೆ ತಾನೇ ಹೇಳಿಕೊಂಡ ಟಿಪ್ಪಣಿಗಳು ಬೇರೆ. ಈ ಸಾಲು ಮುಟ್ಟಬ್ಯಾಡ, ಮುಟ್ಟಿದರ ಎಲ್ಲಾ ಉರುಳತದ. ಇದು ಯಾಕ ಹಿಂಗ ಅಂದ್ರ, ಮೊದಲು ಕೆಟ್ಟದ್ದು ತಗೀಬೇಕು, ಆಮ್ಯಾಲೆ ಹೋದದ್ದು. ಒಂದು ಕಡೆಯಂತೂ ಲೆಕ್ಕ ಅರ್ಧಕ್ಕೆ ನಿಲ್ಲಿಸಿ ‘ಹಾಲು ಉಕ್ಕಿತು, ಬರ್ತೀನಿ’ ಎಂದು ಬರೆದು ಎದ್ದು ಹೋಗಿದ್ದಳು. ಆಮೇಲೆ ಬಂದು ಲೆಕ್ಕ ಮುಗಿಸಿದಳೇ ಹೊರತು ಆ ಸಾಲನ್ನು ಅಳಿಸುವುದು ಮರೆತೇಹೋಯಿತು.

೧೯೯೯ರ ಬೇಸಿಗೆಗೆ ವರ್ಗಾವಣೆಯ ಆದೇಶ ಬಂತು. ಬ್ಯಾಂಕಿನ ಕಾಗದದಲ್ಲಿ ಔರಂಗಾಬಾದ್ ಎಂದಿತ್ತು, ಸಾಮಾನು ಹೊತ್ತ ಲಾರಿಯವನ ಬಾಯಲ್ಲಿ ಅದೇ ಊರು ಸಂಭಾಜಿನಗರ. ನೀರಜಾ ರುಬ್ಬುವ ಕಲ್ಲನ್ನು ಮುಂದಿನ ಸಂಸಾರಕ್ಕೆ ಒಪ್ಪಿಸಿ ಹೊರಟಳು. ಅಂಬಡ್‌ನ ಗಿರಾಕಿಗಳನ್ನು ಫೋನಿನಲ್ಲೇ ನೋಡಿಕೊಂಡು, ಹೊಸ ಊರಿನಲ್ಲಿ ಮೆಲ್ಲಗೆ ಬೇರು ಬಿಡೋಣ ಎಂಬುದು ಅವಳ ಯೋಜನೆ. ಹತ್ತಿರದ ಎಲ್ಲೋರ ನೋಡಿ ಬರುವಷ್ಟು ಪುರುಸೊತ್ತೂ ಸಿಕ್ಕಿರಲಿಲ್ಲ, ಅಷ್ಟರಲ್ಲಿ ಖೈರನಾರ್ ಫೋನ್ ಮಾಡಿದ.

ಮಾಲು ಕೊಳ್ಳುವ ದೊಡ್ಡ ಕಂಪನಿ ಇನ್ನು ಮುಂದೆ ಮಾಲಿನ ಜೊತೆ ಕಳಿಸುವ ಪ್ರತಿ ಚಲನಿನ ಮೇಲೆ, ಅದು ಯಾವ ಕಂತಿನ ಸರಕೆಂದು ತಿಳಿಸುವ ಲಾಟಿನ ನಂಬರು ಬೇಕೆಂದಿತ್ತಂತೆ. ಅವಳಿಗೇಕೆ ತೊಂದರೆ ಎಂದು ಅವನು ಕಾಲೇಜು ರಸ್ತೆಯ ಒಬ್ಬ ಪ್ರೋಗ್ರಾಮರನನ್ನು ಕರೆಸಿದ್ದ. ಆ ಹುಡುಗ ಪರದೆಯನ್ನು ನೋಡಿ ತಲೆ ಕೆರೆದು, ಇದು ಯಾವ ದೇಶದ ಭಾಷೆ ಎಂದು ಕೇಳಿ ಎದ್ದುಹೋದನಂತೆ. ಖೈರನಾರ್ ಕೂಗಾಡಲಿಲ್ಲ, ಅದೇ ನೀರಜಾಳಿಗೆ ಹೆಚ್ಚು ಚುಚ್ಚಿತು. ಮೊದಲಿನವನು ಪಾಸ್‌ವರ್ಡಿನ ಬೀಗ ಹಾಕಿದ್ದ, ನೀವು ಕನ್ನಡದ ಬೀಗ ಹಾಕಿದಿರಿ, ವ್ಯತ್ಯಾಸವೇನು ಎಂದು ಕೇಳಿದ. ಸೋಮವಾರ ಎಲ್ಲ ಯಜಮಾನರೂ ತನ್ನ ಆಫೀಸಿನಲ್ಲಿ ಸೇರುತ್ತಾರೆ, ಅಷ್ಟರೊಳಗೆ ಸರಿಯಾಗದಿದ್ದರೆ ಎಲ್ಲರೂ ಬೇರೆ ಕಡೆ ನೋಡಿಕೊಳ್ಳುತ್ತೇವೆ ಎಂದ.

ನೀರಜಾ ಫೋನಿಟ್ಟು ಹೊರಡಲು ಚೀಲ ತುಂಬಿದಳು. ಅವಳ ವ್ಯಾಪಾರವೆಂದರೆ ಆ ಗಿರಾಕಿಗಳೇ, ಮತ್ತು ಆ ಒಂದು ಮಾತು. ನಾಸಿಕ್‌ಗೆ ಹೋಗುವ ಎಸ್.ಟಿ. ಬಸ್ಸಿನಲ್ಲಿ ಪ್ರೋಗ್ರಾಮಿನ ಪ್ರತಿಯನ್ನು ತೊಡೆಯ ಮೇಲೆ ಹರಡಿಕೊಂಡು ಓದಿದರೆ ಅವಳಿಗೇ ನಾಚಿಕೆಯಾಯಿತು. ಎಲ್ಲರಿಗೂ ತೆರೆದಿಟ್ಟೆ ಎಂದು ಬೀಗುತ್ತಿದ್ದವಳು ತೆರೆದಿಟ್ಟದ್ದು ತನ್ನೊಬ್ಬಳಿಗೇ. ಕೂತು ಕನ್ನಡವನ್ನೆಲ್ಲ ಕಿತ್ತು ಇಂಗ್ಲಿಷ್ ಹಾಕಿಬಿಡುವುದು ಎಂದು ಯೇವಲಾ ದಾಟುವಾಗ ನಿಶ್ಚಯಿಸಿದಳು. ಮನಸ್ಸು ಒಪ್ಪಲಿಲ್ಲ, ಆದರೂ ನಿಶ್ಚಯಿಸಿದಳು.

ಅವಳು ಕಾರ್ಖಾನೆ ಮುಟ್ಟಿದಾಗ ಖೈರನಾರ್ ಇನ್ನೂ ಬಂದಿರಲಿಲ್ಲ. ಪ್ರಿಂಟರು ಕಿರುಗುಟ್ಟುತ್ತ ಚಲನ್ ಉಗುಳುತ್ತಿತ್ತು. ಸುಮ್ಮನೆ ಒಂದನ್ನು ಎತ್ತಿ ನೋಡಿದಳು. ಲಾಟಿನ ನಂಬರು ಅಲ್ಲೇ ಇತ್ತು, ಬೇಕಾದ ಜಾಗದಲ್ಲಿ ಅಚ್ಚುಕಟ್ಟಾಗಿ. ಯಾರು ಮಾಡಿದರು? ಹಸಿವು, ದಣಿವು ಮರೆತು ಅವಳು ಯಂತ್ರದ ಮುಂದೆ ಕೂತು ಪ್ರೋಗ್ರಾಮನ್ನು ಬಿಚ್ಚಿದಳು.

ಹೊಸ ಸಾಲುಗಳಿದ್ದವು. ‘ಬಂದದ್ದು’ ಪಕ್ಕದಲ್ಲಿ ‘ಯಾವ ಲಾಟ’ ಎಂಬ ಹೊಸ ಹೆಸರು ಹುಟ್ಟಿತ್ತು. ಕೆಳಗೆ ಒಂದು ಟಿಪ್ಪಣಿ: ‘ಈ ಸಾಲ ನಾ ಹಾಕೀನಿ, ತಪ್ಪ ಇದ್ರ ಬೈಬ್ಯಾಡ್ರಿ.’ ಇದು ಧಾರವಾಡದ ತನ್ನ ಮನೆಯ ಕನ್ನಡವಲ್ಲ, ವಿಜಾಪುರದ ಕಡೆಯ ಗಟ್ಟಿ ಕನ್ನಡ. ಈ ಕಾರ್ಖಾನೆಯಲ್ಲಿ ಕನ್ನಡದವರು ಯಾರಪ್ಪ ಎಂದು ಸಾಲು ಸಾಲು ಇಳಿಯುತ್ತ ಹೋದಳು. ತನ್ನ ‘ಹಾಲು ಉಕ್ಕಿತು, ಬರ್ತೀನಿ’ ಸಿಕ್ಕಿತು. ಅದರ ಕೆಳಗೆ ತಾನು ಬರೆಯದ ಇನ್ನೊಂದು ಸಾಲಿತ್ತು.

‘ಬಂದ್ರೇನ್ರಿ?’

ನೀರಜಾ ಆ ಸಾಲನ್ನು ಬಾಯಿಬಿಟ್ಟು ಓದಿದಳು. ತಿರುಗಿ ನೋಡಿದರೆ ಹಿಂದೆ ಆಪರೇಟರ್ ಭಾನುಮತಿ ನಿಂತಿದ್ದಳು. ಐ.ಟಿ.ಐ.ಯಲ್ಲಿ ಕಂಪ್ಯೂಟರ್ ಕೋರ್ಸು ಮುಗಿಸಿ, ಈ ಕುರ್ಚಿಯಲ್ಲಿ ಕೂತು ವರ್ಷಗಳೇ ಆಗಿದ್ದವು. ನೀರಜಾ ಅವಳೊಡನೆ ಎಷ್ಟೋ ಸಲ ಮಾತಾಡಿದ್ದಳು, ಪ್ರತಿ ಸಲವೂ ಮರಾಠಿಯಲ್ಲಿ.

“ಇದು ಬರೆದದ್ದು ನೀವೇನು?” ಎಂದು ಕನ್ನಡದಲ್ಲೇ ಕೇಳಿದಳು.

“ಮಾತಾಡಾಕ ನೀಟ್ ಬರಂಗಿಲ್ರಿ. ಸಮಜ್ತೈತಿ,” ಎಂದು ಭಾನುಮತಿ ಮರಾಠಿ ಬೆರೆಸಿ ಹೇಳಿದಳು. ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು.

ಅಪ್ಪ ಮಾಳಪ್ಪ, ಅವ್ವ ಯಮನವ್ವ ಇಂಡಿ ಕಡೆಯಿಂದ ಬಂದು ಇದೇ ಅಂಬಡ್‌ನ ಶೆಡ್ಡುಗಳಿಗೆ ಪಾಯ ತೋಡಿದವರು. ಶಾಲೆಯಲ್ಲಿ ಹುಡುಗರು ‘ಕಾನಡಿ’ ಎಂದು ಕಾಡಿಸಿದ್ದರಿಂದ ಭಾನುಮತಿ ಆ ಭಾಷೆಯನ್ನು ಮನೆಯ ಹೊಸ್ತಿಲಲ್ಲೇ ಬಿಟ್ಟು ಬರುವುದನ್ನು ಕಲಿತಳು. ಕನ್ನಡದ ಅಕ್ಷರ ಅವಳಿಗೆ ಬಾರದು. ಕನ್ನಡವೆಂದರೆ ಬಾಯಿಂದ ಕಿವಿಗೆ ಹೋಗುವ ಮಾತು, ಅಷ್ಟೆ. ಹೀಗಿರುವಾಗ ಒಂದು ದಿನ ಚಲನ್ ಏಕೆ ನಿಂತಿತೆಂದು ನೋಡಲು ಪ್ರೋಗ್ರಾಮನ್ನು ಬಿಚ್ಚಿದ್ದಾಳೆ, ಗುರುತಿನ ಇಂಗ್ಲಿಷ್ ಅಕ್ಷರಗಳಲ್ಲಿ ಏನೋ ಇದೆ, ತುಟಿಯಲ್ಲೇ ಓದಿಕೊಂಡರೆ ಅರ್ಥವಾಗುತ್ತಿದೆ!

“ನಮ್ಮವ್ವನ ಮಾತು ಮಶೀನಿನ್ಯಾಗ ಇತ್ರಿ,” ಎಂದಳು. “ಪಹಿಲಾ ಅಂಜಿಕಿ ಬಂತು. ಆಮ್ಯಾಲ ದಿನಾ ಓದೀನಿ. ಯಾಕ ಹಿಂಗ, ಯಾಕ ಹಂಗ ಅಂತ ನೀವ ಬರದೀರಲ್ಲ, ಅದನ್ನ ಓದಿ ಓದಿ ಕಲತೀನಿ.”

ಮಾಲೀಕರನ್ನು ಕೇಳದೆ ಕೈ ಹಾಕಿದ್ದಕ್ಕೆ ಹೆದರಿ ಯಾರಿಗೂ ಹೇಳಿರಲಿಲ್ಲ. ನೀರಜಾಳ ಕಣ್ಣು ತುಂಬಿ ಬಂತು. ಅದನ್ನು ಮರೆಸಲು ಕೀಬೋರ್ಡಿನ ಮೇಲಿಲ್ಲದ ಧೂಳನ್ನು ಒರೆಸಿದಳು.

ಅಷ್ಟರಲ್ಲಿ ಖೈರನಾರ್ ಬಂದ, ಅವನ ಹಿಂದೆ ಉಳಿದ ಯಜಮಾನರೂ ಬಂದರು. ನೀರಜಾ ಚಲನ್ ತೋರಿಸಿ, ಇದನ್ನು ಮಾಡಿದ್ದು ತಾನಲ್ಲ, ಭಾನುಮತಿ ಎಂದು ನಡೆದದ್ದನ್ನೆಲ್ಲ ಹೇಳಿದಳು. ತನ್ನ ತಪ್ಪನ್ನೂ ಒಪ್ಪಿಕೊಂಡಳು. ಅದೇ ಉಸಿರಿನಲ್ಲಿ, ಅಂಬಡ್‌ನ ಗಿರಾಕಿಗಳನ್ನೆಲ್ಲ ನೋಡಿಕೊಳ್ಳಲು ಭಾನುಮತಿ ತನ್ನ ಪಾಲುದಾರಳಾಗುತ್ತಾಳೆಯೇ ಎಂದೂ ಕೇಳಿಬಿಟ್ಟಳು. ಭಾನುಮತಿ ಸಂಕೋಚದ ಹೆಣ್ಣಲ್ಲ, ನನ್ನ ಪಾಲೆಷ್ಟು ಎಂದು ಅಲ್ಲೇ ಎಲ್ಲರೆದುರು ಕೇಳಿದಳು. ಅರ್ಧ ಎಂದಳು ನೀರಜಾ.

ಉಳಿದವರಿಗೆ ಖುಷಿಯಾಯಿತು, ಖೈರನಾರ್‌ನ ಮುಖ ಮಾತ್ರ ಹುಳ್ಳಗಾಯಿತು. ಇಷ್ಟು ವರ್ಷ ಸುಮ್ಮನೆ ಕಂಡ ಹುಡುಗಿ ಒಮ್ಮೆಲೇ ಬಿಡಲಾಗದವಳಾಗಿಬಿಟ್ಟಿದ್ದಳು. ಇವಳು ನನ್ನ ಆಪರೇಟರ್, ಈ ಪ್ರೋಗ್ರಾಂ ಓದಬಲ್ಲವಳು ಇವಳೊಬ್ಬಳೇ, ಎಲ್ಲಿಗೂ ಕಳಿಸುವುದಿಲ್ಲ ಎಂದ. ಬೀಗದ ವಿರುದ್ಧ ಅಷ್ಟು ಮಾತಾಡಿದವನೇ ಈಗ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳಲು ಹೊರಟಿದ್ದ. ನೀರಜಾ ಬಾಯಿ ತೆರೆಯುವ ಮೊದಲೇ ಭಾನುಮತಿ ಕುರ್ಚಿ ಎಳೆದುಕೊಂಡು ಕೂತಳು. ಪ್ರತಿ ಕನ್ನಡ ಸಾಲಿನ ಕೆಳಗೂ ಇಂಗ್ಲಿಷ್ ಬರೆಯುತ್ತೇನೆ ಎಂದು ಮರಾಠಿಯಲ್ಲಿ ಶಾಂತವಾಗಿ ಹೇಳಿದಳು.

“ಆಗ ಶೇಠ್, ಯಾರು ಬೇಕಾದರೂ ತಿದ್ದಬಹುದು. ನನ್ನ ಹಂಗು ನಿಮಗೆ ಬೇಡ.”

ನೀರಜಾ ಎಂದೋ ಕೊಟ್ಟ ಮಾತು ಅದು. ಖೈರನಾರ್ ಅವಳನ್ನು ನೋಡಿದ, ಇವಳನ್ನು ನೋಡಿದ, ಕೊನೆಗೆ ಎಲ್ಲರಿಗೂ ಚಹಾ ಹೇಳಿದ. ನನ್ನ ಕೆಲಸ ಮೊದಲು ಎಂದು ಗೊಣಗಿದ. ಅವನ ಒಪ್ಪಿಗೆ ಬರುತ್ತಿದ್ದುದೇ ಹಾಗೆ.

ಇಬ್ಬರೂ ಪಕ್ಕಪಕ್ಕ ಕೂತು ಮೇಲಿನಿಂದ ಶುರು ಮಾಡಿದರು. ಭಾನುಮತಿ ಕನ್ನಡವನ್ನು ಗಟ್ಟಿಯಾಗಿ ಓದುವಳು, ನೀರಜಾ ಇಂಗ್ಲಿಷ್ ಹೇಳುವಳು, ಭಾನುಮತಿ ಒತ್ತುವಳು. ಪ್ರೆಸ್ ವಿಭಾಗದ ಗಂಡಸರು ಬಾಗಿಲಲ್ಲಿ ಇಣುಕಿ, ನಮ್ಮ ಭಾನು ಏನು ಓದುತ್ತಿದ್ದಾಳೆ ಎಂದು ಬೆರಗಾದರು. ಅವಳು ದನಿ ತಗ್ಗಿಸಲಿಲ್ಲ.

ಹಾಲಿನ ಸಾಲಿಗೆ ಬಂದಾಗ ಅವಳ ಕೈ ನಿಂತಿತು. ಇದು ಲೆಕ್ಕಕ್ಕೆ ಬೇಡದ ಸಾಲು, ಅಳಿಸಿಬಿಡಿ ಎಂದಳು ನೀರಜಾ.

“ಇರ್ಲಿ ಬಿಡ್ರಿ. ನಾ ಕೇಳಿದ್ದಕ್ಕ ನೀವಿನ್ನೂ ಏನೂ ಹೇಳಿಲ್ಲ,” ಎಂದು ಭಾನುಮತಿ ಕೀಬೋರ್ಡನ್ನು ಅವಳ ಕಡೆ ಸರಿಸಿದಳು.

ನೀರಜಾ ‘ಬಂದ್ರೇನ್ರಿ?’ ಕೆಳಗೆ ಒಂದೇ ಮಾತು ಬರೆದಳು. ‘ಬಂದೆ.’ ಅದಕ್ಕೆ ಇಬ್ಬರೂ ಇಂಗ್ಲಿಷ್ ಹಾಕಲಿಲ್ಲ.