ಸ್ಟೇರಿಂಗಿಗೆ ತೂಗುಹಾಕಿದ ಮುಚ್ಚಳ

ಸದ್ದು ಒಣಗಿತ್ತು. ಬೇರೊಂದು ಲಾರಿಯ ಅಡಿಯಲ್ಲಿ ಅಂಗಾತ ಮಲಗಿ ಬ್ರೇಕ್ ಬಿಗಿ ಮಾಡುತ್ತಿದ್ದ ಕ್ಲೆಮ್‌ಗೆ ಮೊದಲು ಅನಿಸಿದ್ದು ಅಷ್ಟೇ. ಅಪ್ಪನ ಲಾರಿ ಸ್ಟಾರ್ಟ್ ಆಗಿದೆ, ಸರಿ. ಆದರೆ ಆ ಹಳೇ ಗಾರ್ಡ್ನರ್ ಎಂಜಿನ್ನಿನ ಗಂಟಲಲ್ಲಿ ಯಾವತ್ತೂ ಇರುತ್ತಿದ್ದ ತೇವ ಇಲ್ಲ. ಖಾಲಿ ಡಬ್ಬಿ ಬಡಿದ ಹಾಗೆ ಕೇಳಿಸುತ್ತಿದೆ. ನೀರಿಲ್ಲ! ಅವನು ಸ್ಪ್ಯಾನರ್ ಎಸೆದು ತೆವಳಿಕೊಂಡು ಹೊರಬಂದ. ರಾತ್ರಿಯೆಲ್ಲ ಹೆಪ್ಪುಗಟ್ಟಿದ ಅಂಗಳದಲ್ಲಿ ಜಾರಿ, ಮೊಣಕಾಲು ತರಚಿಕೊಂಡು ಓಡಿದ. ಎಂಟು ಗಾಲಿಯ ಆಟ್ಕಿನ್ಸನ್ ಲಾರಿ ಆಗಲೇ ಗೇಟಿನ ಕಡೆ ಉರುಳುತ್ತಿತ್ತು.

"ಅಪ್ಪಾ! ಆಫ್ ಮಾಡು! ಆಫ್ ಮಾಡು ಅಂದೆ!"

ಮೆಟ್ಟಿಲಿನ ಮೇಲೆ ಹಾರಿ, ಕಿಟಕಿಯೊಳಗೆ ಕೈ ತೂರಿಸಿ ತಾನೇ ಎಂಜಿನ್ ನಿಲ್ಲಿಸಿದ. ಸೆತ್ ಮೌನ್ಸಿ ಮಗನನ್ನು ನೋಡಿ ಹುಬ್ಬು ಗಂಟಿಕ್ಕಿದ.

"ಏನೋ ಅದು, ಮನೆಗೆ ಬೆಂಕಿ ಬಿದ್ದೋನ ಥರ ಓಡ್ಬರ್ತೀಯ?" ಪಕ್ಕದ ಸೀಟಿನಿಂದ ಏನೋ ಎತ್ತಿ ಹಿಡಿದ. "ನೋಡಿಲ್ಲಿ. ಯಾವನೋ ಇದನ್ನ ತಂದು ನನ್ನ ಸ್ಟೇರಿಂಗಿಗೆ ತೂಗಾಕಿದಾನೆ. ತಿರುಗ್ಸಕ್ಕೇ ಅಡ್ಡ. ಏನಿದು?"

ಅಂಗೈಯಲ್ಲಿ ಇದ್ದದ್ದು ರೇಡಿಯೇಟರಿನ ಹಿತ್ತಾಳೆ ಮುಚ್ಚಳ. ಅದರ ಕುತ್ತಿಗೆಗೆ ಸುತ್ತಿದ ತಂತಿಯ ಕುಣಿಕೆ.

ಕೆಂಡಲ್ ಊರಿನ ಆ ಲಾರಿ ಅಂಗಳದಲ್ಲಿ ಆ ಮುಚ್ಚಳ ಏನು ಅಂತ ಬೆಕ್ಕಿಗೂ ಗೊತ್ತಿತ್ತು. ನೀರು ಹೆಪ್ಪುಗಟ್ಟದಿರಲಿ ಅಂತ ಬೆರೆಸುವ ದ್ರಾವಣಕ್ಕೆ ಯಜಮಾನ ರೆಲ್ಫ್ ಯಾವತ್ತೂ ಕೈ ಬಿಚ್ಚಿದವನಲ್ಲ. ಹಾಗಾಗಿ ಚಳಿಗಾಲದ ಪ್ರತಿ ಸಂಜೆ ಡ್ರೈವರುಗಳು ರೇಡಿಯೇಟರಿನ ನೀರು ಬಸಿದು ಮನೆಗೆ ಹೋಗಬೇಕು. ಇಲ್ಲದಿದ್ದರೆ ರಾತ್ರಿ ಅದೇ ನೀರು ಮಂಜುಗಡ್ಡೆಯಾಗಿ ಎಂಜಿನ್ನನ್ನು ಸೀಳಿಬಿಡುತ್ತದೆ. ಬಸಿದ ಮೇಲೆ ಮುಚ್ಚಳವನ್ನು ಸ್ಟೇರಿಂಗಿಗೆ ತೂಗುಹಾಕಬೇಕು: ಇವಳ ಹೊಟ್ಟೆ ಖಾಲಿ, ಮುಟ್ಟಬೇಡಿ ಅಂತ. ಬೆಳಗ್ಗೆ ಮೊದಲು ನೀರು, ಆಮೇಲೆ ಮುಚ್ಚಳ. ಅದು ತಿರುಗಾಮುರುಗಾ ಆಗಕೂಡದು. ಈ ಕಟ್ಟಳೆ ತಂದವನೇ ಸೆತ್. ಅಂಗಳದ ಅಷ್ಟೂ ಮುಚ್ಚಳಗಳಿಗೆ ತಂತಿ ಸುತ್ತಿದವನೂ ಅವನೇ. ಚಿಕ್ಕವನಿದ್ದಾಗ ಕ್ಲೆಮ್ ಒಂದು ಮುಚ್ಚಳ ಬಿಚ್ಚಿ ಬುಗುರಿ ಆಡಿಸಿದ್ದಕ್ಕೆ ಕೆನ್ನೆಗೆ ಬಿದ್ದ ಏಟು ಇವತ್ತಿಗೂ ಬಿಸಿಯಾಗಿದೆ. ನಿನ್ನೆ ಸಂಜೆ ಈ ಮುಚ್ಚಳವನ್ನು ಇಲ್ಲಿ ತೂಗುಹಾಕಿದ್ದೂ ಸೆತ್‌ನ ಕೈಯೇ. ಕ್ಲೆಮ್ ಕಣ್ಣಾರೆ ನೋಡಿದ್ದ.

ಈಗ ಅದೇ ಕೈ ಅದನ್ನು ಹಿಡಿದುಕೊಂಡು ಏನಿದು ಅಂತ ಕೇಳುತ್ತಿದೆ.

"ಕೊಡು ಇಲ್ಲಿ," ಅಂದ ಕ್ಲೆಮ್. ಮುಚ್ಚಳ ಕಿತ್ತುಕೊಂಡು ಜೇಬಿಗೆ ಹಾಕಿಕೊಂಡ. ಆಫೀಸಿನ ಬಾಗಿಲು ತೆರೆದು ಗಿಲ್ಬರ್ಟ್ ರೆಲ್ಫ್ ಬರುತ್ತಿದ್ದ. ಹಿಂಡಿ ಮೂಟೆ ಹೇರುವ ಏಬೆಲ್ ಫಾಸೆಟ್ ಕೂಡ ಹಗ್ಗ ಬಿಟ್ಟು ಬಂದ. ಏಬೆಲ್ ಮತ್ತು ಸೆತ್ ಒಂದೇ ಚಳಿಗಾಲದಲ್ಲಿ ಕೆಲಸಕ್ಕೆ ಸೇರಿದವರು.

"ಏನ್ ಸೆತ್, ಈ ಸಲ ಚಹಾ ಹಾಕಿ ಓಡಿಸ್ತಿದೀಯ?" ಅಂದ ಏಬೆಲ್. ಸೆತ್‌ನ ಮುಖ ನೋಡಿದವನೇ ನಗು ನುಂಗಿದ.

"ನೀರಿಲ್ಲದೆ ಗಾಡಿ ಬಿಟ್ಟಿದ್ದು ಯಾರು?" ರೆಲ್ಫ್‌ನ ಕತ್ತು ಕೆಂಪಾಗಿತ್ತು.

"ನಾನೇ ಯಜಮಾನ್ರೆ," ಅಂದ ಕ್ಲೆಮ್. "ನಿನ್ನೆ ನೀರು ಬಸಿದೋನು ನಾನು. ಮುಚ್ಚಳ ತೂಗಾಕೋದು ಮರೆತೆ. ಅಪ್ಪಂಗೆ ಗೊತ್ತಿರ್ಲಿಲ್ಲ."

"ಮರೆತ್ಯಾ? ನಿನ್ ತಲೆಯೊಳಗೆ ಏನಿದೆಯೋ, ಗ್ರೀಸಾ? ಎಂಜಿನ್ ಹೋಗಿದ್ರೆ ನಿಮ್ಮಪ್ಪ ಕೊಡ್ತಿದ್ನಾ?"

ಕ್ಲೆಮ್ ಹಲ್ಲು ಕಚ್ಚಿಕೊಂಡು ನಿಂತ. ರೆಲ್ಫ್ ಬೈಯ್ಯಲಿ, ಅವನಿಗೆ ಬೈಯ್ಯೋದು ಬಿಟ್ಟು ಬೇರೇನು ಬರುತ್ತೆ. ಆದರೆ ಹಿಂದಿನಿಂದ ಅಪ್ಪ ಲಾರಿ ಇಳಿದು ಬಂದ. ಬಂದವನು ಮಗನ ಎದೆಗೆ ಬೆರಳು ಚುಚ್ಚಿದ.

"ನಾಚ್ಕೆ ಆಗಲ್ವೇನೋ? ಮುಚ್ಚಳ ತೂಗಾಕದೆ ಹೋಗ್ತಾರೇನೋ ಯಾರಾದ್ರೂ? ಇದನ್ನ ಕಲಿಸೋಕೇ ನನ್ನ ಅರ್ಧ ಆಯಸ್ಸು ಹೋಯ್ತಲ್ಲೋ ಮೂರ್ಖ! ಯಜಮಾನ್ರೆ, ಇವನ ಕಡೆಯಿಂದ ನಾನು ಕ್ಷಮೆ ಕೇಳ್ತೀನಿ."

ಮುಚ್ಚಳ ಕ್ಲೆಮ್‌ನ ಜೇಬಿನಲ್ಲಿ ಐಸಿನ ಹಾಗೆ ಕೊರೆಯುತ್ತಿತ್ತು. ತೆಗೆದು ಅಪ್ಪನ ಮೂತಿಗೆ ಹಿಡಿಯೋಣ ಅನಿಸಿತು. ಹಿಡಿಯಲಿಲ್ಲ.

"ತಪ್ಪಾಯ್ತಪ್ಪ," ಅಂದ.

ಬಿಸಿ ಎಂಜಿನ್ನಿಗೆ ತಣ್ಣೀರು ಸುರಿದರೆ ಬಿರುಕು ಬಿಡುತ್ತದೆ. ಹಾಗಾಗಿ ಆರುವವರೆಗೆ ಕಾಯಬೇಕಾಯಿತು. ಏಬೆಲ್ ಕ್ಲೆಮ್‌ನನ್ನು ಮೂಟೆಗಳ ಹಿಂದಕ್ಕೆ ಎಳೆದೊಯ್ದ.

"ನಾನು ಕುರುಡ ಅಲ್ಲ ಕಣೋ. ಮುಚ್ಚಳ ಅವನ ಕೈಲಿತ್ತು, ನೋಡ್ದೆ."

"ನೋಡಿದ್ರೆ ಏನೀಗ?"

"ಹೋದ ವಾರ ಟೀ ಕುಡಿಯುವಾಗ ಎರಡು ಸಲ ನನ್ನ ಹೆಂಡ್ತಿ ಹೇಗಿದಾಳೆ ಅಂತ ಕೇಳ್ದ. ಅವಳ ಹೆಣದ ಪೆಟ್ಟಿಗೆಗೆ ಹೆಗಲು ಕೊಟ್ಟೋನೇ ಅವನು." ಏಬೆಲ್ ಹಗ್ಗವನ್ನು ಸುಮ್ಮನೆ ಗಂಟು ಹಾಕಿ ಬಿಚ್ಚಿದ. "ಪೆನ್ರಿತ್ ದಾರೀಲಿ, ಶಾಪ್ ಗುಡ್ಡದ ಆಚೆ ಇಳಿಜಾರಿನ ಕೊನೇಲಿ ಊರಿದೆ, ಶಾಲೆ ಇದೆ. ಮಧ್ಯದಲ್ಲಿ ಬ್ರೇಕ್ ಯಾವ್ದು ಅಂತ ಮರೆತ್ರೆ? ನೀನು ಯಜಮಾನಂಗೆ ಹೇಳು. ಇಲ್ಲಾಂದ್ರೆ ನಾನು ಹೇಳ್ತೀನಿ."

"ಹೇಳಿ ನೋಡು ಏಬೆಲ್ ಮಾಮ, ನಿನ್ನ ಉಳಿದಿರೋ ಹಲ್ಲೂ ಉದುರಿಸ್ತೀನಿ."

"ಉದುರ್ಸು," ಅಂದ ಏಬೆಲ್. "ಆದ್ರೂ ಹೇಳ್ತೀನಿ. ಇವತ್ತು ಸಂಜೆ ತನಕ ಬಾಯಿ ಮುಚ್ಕೊಂಡಿರ್ತೀನಿ, ನಿಮ್ಮಪ್ಪನ ಮುಖ ನೋಡ್ಕೊಂಡು. ನೀನು ಜೊತೆಗೆ ಹೋಗು."

ಎಂಜಿನ್ ಆರಿದ ಮೇಲೆ ನೀರು ತುಂಬಿ, ಮುಚ್ಚಳ ಹಾಕಿ, ಸದ್ದು ಕೇಳಿಕೊಂಡು ಹೋಗಬೇಕು ಅಂತ ನೆಪ ಹೇಳಿ ಕ್ಲೆಮ್ ಹತ್ತಿ ಕೂತ. ಪೆನ್ರಿತ್‌ಗೆ ದನದ ಹಿಂಡಿ ಸಾಗಿಸಬೇಕಿತ್ತು. ಹೋದ ವರ್ಷ ಹೊಸ ಹೆದ್ದಾರಿ ಆದ ಮೇಲೆ ಶಾಪ್ ಗುಡ್ಡದ ಹಳೇ ರಸ್ತೆಯಲ್ಲಿ ಕುರಿಗಳು ಬಿಟ್ಟರೆ ಯಾರೂ ಇಲ್ಲ. ಸೆತ್ ಮಾತ್ರ ಅದರಲ್ಲೇ ಹೋಗುವವನು. ಹೆದ್ದಾರಿಯಲ್ಲಿ ಏನು ಓಡಿಸೋದು, ಕೂತಿರೋದು ಅಷ್ಟೇ, ಅನ್ನುತ್ತಿದ್ದ.

ಏರು ಶುರುವಾಯಿತು. ಕ್ಲೆಮ್ ಹ್ಯಾಂಡ್‌ಬ್ರೇಕಿಗೆ ಕೈ ಎಟುಕುವ ಹಾಗೆ ಅಂಚಿಗೆ ಸರಿದು ಕೂತ. ಆದರೆ ಅಪ್ಪನ ಕೈಕಾಲು! ಒಂದು ಗೇರು ಇಳಿಸುವ ಮೊದಲು ಕ್ಲಚ್ ಒತ್ತಿ, ಬಿಟ್ಟು, ಎಂಜಿನ್ನನ್ನು ಒಮ್ಮೆ ಗುಡುಗಿಸಿ, ಮತ್ತೆ ಒತ್ತಿ, ಆ ಒಂದು ಉಸಿರಿನಷ್ಟು ಹೊತ್ತಲ್ಲೇ ಹಲ್ಲಿಗೆ ಹಲ್ಲು ಕೂರಬೇಕು. ತಪ್ಪಿದರೆ ಗೇರೂ ಇಲ್ಲ, ಓಟವೂ ಇಲ್ಲ, ಹೊರೆಯೆಲ್ಲ ಹಿಂದಕ್ಕೆ ಎಳೆಯುತ್ತದೆ. ಸೆತ್ ತಪ್ಪಲಿಲ್ಲ. ಎರಡು ಬೆರಳಲ್ಲಿ ಗೇರು ಹಾಕುತ್ತಿದ್ದ, ಬೆಣ್ಣೆಗೆ ಚಾಕು ಇಳಿಸಿದ ಹಾಗೆ. ಹಾಕುತ್ತ ಮಾತಾಡುತ್ತಿದ್ದ.

"ಯುದ್ಧ ಮುಗಿದ ಮೇಲೆ ಬಿತ್ತಲ್ಲ ಆ ಹಿಮ, ಇದೇ ತಿರುವಲ್ಲಿ ಹನ್ನೊಂದು ಲಾರಿ ಸಾಲಾಗಿ ನಿಂತಿದ್ವು. ಡೀಸೆಲ್ಲು ಮೇಣ ಆಗೋಗಿತ್ತು. ಚಿಂದಿಗೆ ಎಣ್ಣೆ ನೆನೆಸಿ ಟ್ಯಾಂಕಿನ ಅಡಿ ಬೆಂಕಿ ಹಾಕಿದ್ವಿ. ಏಬೆಲ್ ಪ್ಯಾಂಟಿಗೇ ಹಚ್ಕೊಂಡ! ಹಿಮದಲ್ಲಿ ಅಂಡೂರಿ ಕೂತು ಆರಿಸ್ಕೊಂಡ, ಅಂಡು ಬೆಂದೋದ್ರೂ ಬಾಯಲ್ಲಿದ್ದ ಸಿಗರೇಟು ಬಿಡ್ಲಿಲ್ಲ ನನ್ಮಗ."

ಕ್ಲೆಮ್ ನಕ್ಕ. ನಕ್ಕ ಮೇಲೆ ಎದೆ ಹಗುರಾಯಿತು. ಬೆಳಗಿನದು ಏನೋ ಒಂದು ಗಳಿಗೆಯ ಮಬ್ಬು. ನಿದ್ದೆ ಸಾಲದೆ ಇರಬಹುದು. ಏಬೆಲ್ ಮುದುಕನಿಗೆ ಬೇರೆ ಕೆಲಸ ಇಲ್ಲ. ಹೀಗೆ ಗೇರು ಹಾಕೋನಿಗೆ ಏನಾಗಿದೆ ಅಂತೀರಿ? ಯಾವನಾದರೂ ಬಂದು ಹೇಳಲಿ ನೋಡೋಣ.

ಗುಡ್ಡದ ನೆತ್ತಿ ದಾಟಿ, ಇಳಿಜಾರಿಗೆ ಮೊದಲೇ ಸೆತ್ ಗೇರು ಇಳಿಸಿದ. ಸ್ವಲ್ಪ ಮುಂದೆ ರಸ್ತೆ ಪಕ್ಕದ ಬಯಲಿಗೆ ಲಾರಿ ತಿರುಗಿಸಿ ನಿಲ್ಲಿಸಿದ. ಎಂಜಿನ್ ಆರಿಸಿ, ಟೋಪಿ ಸರಿಮಾಡಿಕೊಂಡ.

"ನಡಿ, ಮಾರ್ತಾಗೆ ಹೇಳು. ಎರಡು ಟೀ, ಬೇಕನ್ ಹಾಕಿದ ಬ್ರೆಡ್ಡು. ಕೊಬ್ಬು ಜಾಸ್ತಿ ಇರೋ ತುಂಡು ನನಗೆ ಅಂತ ಹೇಳು, ಅವಳಿಗೆ ಗೊತ್ತು."

ಎದುರಿಗೆ ಮಾರ್ತಾಳ ಹೋಟೆಲ್ಲಿನ ಕಿಟಕಿಗಳಿಗೆ ಹಲಗೆ ಬಡಿದಿತ್ತು. ಹೆದ್ದಾರಿ ತೆರೆದ ತಿಂಗಳೇ ಮುಚ್ಚಿದ ಹೋಟೆಲು. ಮುಚ್ಚುವ ದಿನ ಕೊನೆಯ ಟೀ ಕುಡಿದು, ಹೊರಗೆ ಬಂದು ಗೋಡೆಯನ್ನು ಒಮ್ಮೆ ತಟ್ಟಿದ್ದವನು ಸೆತ್. ಹೋಟೆಲಿನ ಬೋರ್ಡು ಒಂದು ಮೊಳೆ ಕಿತ್ತುಹೋಗಿ ಗಾಳಿಗೆ ಟಪಟಪ ಬಡಿಯುತ್ತಿತ್ತು.

"ಇವತ್ತು ರಜಾ ಇರ್ಬೇಕು ಅಪ್ಪ," ಅಂದ ಕ್ಲೆಮ್.

ಸೆತ್ ಅವನ ಕಡೆ ತಿರುಗಿದ. ಕಣ್ಣಲ್ಲಿ ಸಿಟ್ಟಿಲ್ಲ, ಗುರುತೂ ಇಲ್ಲ. ದಾರಿಯಲ್ಲಿ ಹತ್ತಿಸಿಕೊಂಡ ಯಾರೋ ಹುಡುಗನನ್ನು ನೋಡುವ ಹಾಗೆ ನಯವಾಗಿ ನೋಡಿದ.

"ರಜಾನಾ. ಹೋಗ್ಲಿ ಬಿಡು. ನೀನು ಹೊಸಬ ಅಲ್ವಾ? ರೆಲ್ಫ್ ಕಳಿಸಿದ್ನಾ?"

ಕ್ಲೆಮ್ ಹೌದು ಅಂತ ತಲೆ ಆಡಿಸಿದ.

"ಕಲಿತ್ಕೋತೀಯ. ನನಗೂ ಒಬ್ಬ ಮಗ ಇದಾನೆ, ಇನ್ನೂ ಚಿಕ್ಕೋನು. ಓದು ತಲೆಗೆ ಹತ್ತಲ್ಲ ಅಂತ ಮೇಷ್ಟ್ರು ದಿನಾ ಹೊಡೀತಾರೆ. ಹೊಡೀಲಿ. ಅವನ ಕಿವಿ ಇದೆಯಲ್ಲ..." ಸೆತ್ ತನ್ನ ಕಿವಿ ಮುಟ್ಟಿ ತೋರಿಸಿದ. "ನಮ್ಮ ಲಾರಿ ಬೀದಿ ತಿರುವಿಗೆ ಬಂದ್ರೆ ಸಾಕು, ಯಾವ ನಟ್ಟು ಸಡಿಲ ಆಗಿದೆ ಅಂತ ಮನೇಲಿ ಕೂತೇ ಹೇಳ್ತಾನೆ. ನನಗೂ ಕೇಳ್ಸಲ್ಲ ಅಂಥದ್ದು. ಅವನಿಗೆ ಹೇಳಿಲ್ಲ, ಹೇಳಿದ್ರೆ ತಲೆ ತಿರುಗುತ್ತೆ. ಮುಚ್ಚಳ ಬಿಚ್ಚಿ ಆಡಿದ ಅಂತ ಮೊನ್ನೆ ಒಂದು ಬಾರಿಸ್ದೆ. ಆವತ್ತು ರಾತ್ರಿ ಊಟ ಸೇರ್ಲಿಲ್ಲ ನನಗೆ."

ಬೋರ್ಡು ಬಡಿಯುತ್ತಲೇ ಇತ್ತು. ಕ್ಲೆಮ್‌ಗೆ ಇಳಿದು ಹೋಗಿ ಅದನ್ನು ಕಿತ್ತು ಚೂರುಚೂರು ಮಾಡಬೇಕು ಅನಿಸಿತು. ಹೆದ್ದಾರಿ ಹಾಕಿದವರನ್ನು, ರೆಲ್ಫ್‌ನನ್ನು, ಸತ್ಯ ಹೇಳಿದ ಏಬೆಲ್‌ನನ್ನು, ಎಲ್ಲರನ್ನೂ ಹಿಡಿದು ಚಚ್ಚಬೇಕು ಅನಿಸಿತು. ಹದಿನೈದು ವರ್ಷಕ್ಕೆ ಶಾಲೆ ಬಿಟ್ಟು ಬಂದು ಈ ಮನುಷ್ಯನ ಪಕ್ಕದಲ್ಲಿ ಇಷ್ಟು ಕಾಲ ಗ್ರೀಸು ಬಳಿದಿದ್ದಾನೆ, ಒಂದು ದಿನ, ಒಂದೇ ಒಂದು ದಿನ, ಭೇಷ್ ಅನ್ನಲಿಲ್ಲ. ಈಗ ಅನ್ನುತ್ತಿದ್ದಾನೆ, ಯಾರಿಗೋ.

"ಒಳ್ಳೇ ಹುಡುಗ ಅನ್ಸುತ್ತೆ," ಅಂದ ಕ್ಲೆಮ್.

"ಒಳ್ಳೇನೇ. ಮುಂಗೋಪಿ. ನನ್ನ ಥರ."

"ಮುಂದಕ್ಕೆ ನಾನು ಓಡಿಸ್ಲಾ? ನೀವು ಸುಸ್ತಾಗಿದೀರ."

ಅಪ್ಪನಿಗೆ ಅವನು ಯಾವತ್ತೂ 'ನೀವು' ಅಂದವನಲ್ಲ. ಸೆತ್ ಸ್ವಲ್ಪ ಯೋಚಿಸಿದ. ಇಷ್ಟು ವರ್ಷ ಇನ್ನೊಬ್ಬನಿಗೆ ಬಿಡದ ಸೀಟಿನಿಂದ ಎದ್ದು, ಜಾಗ ಮಾಡಿಕೊಟ್ಟ. "ಹುಷಾರು. ಇವಳು ಅವಸರ ಮಾಡೋರಿಗೆ ಒಲಿಯಲ್ಲ."

ಇಳಿಜಾರಿನಲ್ಲಿ ಕ್ಲೆಮ್‌ನ ಗೇರು ಒಂದೆರಡು ಸಲ ಕರಕರ ಅಂದಿತು. ಅಂದಾಗಲೆಲ್ಲ ಪಕ್ಕದಲ್ಲಿ ಅಪ್ಪನ ಎಡಗಾಲು ಅಲ್ಲಿ ಇಲ್ಲದೇ ಇರುವ ಕ್ಲಚ್ಚನ್ನು ಒತ್ತುತ್ತಿತ್ತು. ಶಾಲೆಯ ಮುಂದೆ ಮಕ್ಕಳು ಚೆಂಡು ಒದೆಯುತ್ತಿದ್ದರು. ಕ್ಲೆಮ್ ನಡೆದಷ್ಟೇ ನಿಧಾನವಾಗಿ ದಾಟಿಸಿದ.

ಸಂಜೆ ಅಂಗಳಕ್ಕೆ ಮರಳಿ, ನೀರು ಬಸಿದು, ಮುಚ್ಚಳ ತೂಗುಹಾಕಿ, ಕ್ಲೆಮ್ ಆಫೀಸಿನೊಳಗೆ ಹೋದ. ಕೂಗಾಡಬೇಕು ಅಂತಲೇ ಹೋಗಿದ್ದ. ಅಪ್ಪನ ಬಗ್ಗೆ ಅವನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ರೆಲ್ಫ್ ಪೆನ್ನು ಕೆಳಗಿಟ್ಟ. ಕಿಟಕಿಯಾಚೆ ಸೆತ್ ಒಂದೊಂದೇ ಟೈರನ್ನು ಬೂಟಿನಿಂದ ಒದ್ದು ನೋಡುತ್ತಿದ್ದ.

"ನನಗೆ ಲಾರಿ ಕಲಿಸಿದೋನು ಅವನೇ ಕಣೋ," ಅಂದ ರೆಲ್ಫ್. ಬೈದಿದ್ದರೆ ಚೆನ್ನಾಗಿತ್ತು. ಹೊಡೆದಾಡಲು ಯಾರೂ ಸಿಗಲಿಲ್ಲ ಕ್ಲೆಮ್‌ಗೆ. ಹೊರಗೆ ಏಬೆಲ್ ಹಗ್ಗ ಸುತ್ತುತ್ತಿದ್ದ. ಕ್ಲೆಮ್‌ನ ಮುಖ ನೋಡಿ ಟೋಪಿ ತೆಗೆದ, ಮತ್ತೆ ಹಾಕಿಕೊಂಡ.

ಸೆತ್ ಲಾರಿ ಬಿಟ್ಟು ಮನೆಯಲ್ಲಿ ಕೂತು ನಾಲ್ಕಾರು ದಿನ ಕಳೆದು ಮತ್ತೆ ಕೊರೆಯುವ ಚಳಿ ಬಿತ್ತು. ಬೆಳಗ್ಗೆ ಅಮ್ಮ ವಿನ್ನಿ ಅಡುಗೆಮನೆಯಿಂದ ಕೂಗಿದಳು.

"ಕ್ಲೆಮ್, ಕೆಟಲಿಗೆ ಏನಾಗಿದೆ ನೋಡು ಬಾ. ರಾತ್ರಿ ತುಂಬಿಟ್ಟಿದ್ದೆ, ತೊಟ್ಟು ನೀರಿಲ್ಲ. ಮುಚ್ಚಳಾನೂ ಇಲ್ಲ."

ಸೆತ್ ಒಲೆಯ ಪಕ್ಕ ಕುರ್ಚಿಯಲ್ಲಿ ಕೂತಿದ್ದ. ಕೋಟು ಹಾಕಿ, ಬೂಟು ಕಟ್ಟಿ, ಹೊರಡಲು ತಯಾರಾದವನ ಹಾಗೆ. ಅವನ ಕುರ್ಚಿಯ ತೋಳಿನಿಂದ ಕೆಟಲಿನ ಮುಚ್ಚಳ ತೂಗುತ್ತಿತ್ತು. ಅದರ ಗುಬುಟಿಗೆ ತಂತಿ, ಎರಡು ಸುತ್ತು, ಅಚ್ಚುಕಟ್ಟಾದ ಕುಣಿಕೆ.

"ಅಯ್ಯೋ, ಇಲ್ಲಿದೆ ನೋಡು," ಅಂತ ವಿನ್ನಿ ಕೈ ಚಾಚಿದಳು.

"ಬೇಡಮ್ಮ. ಮುಟ್ಟಬೇಡ."

"ಯಾಕೋ?"

ಕ್ಲೆಮ್ ಕೆಟಲನ್ನು ನಲ್ಲಿಯ ಕೆಳಗೆ ಹಿಡಿದ. ನೀರು ಸಣ್ಣಗೆ ಬರುತ್ತಿತ್ತು. ಅಪ್ಪ ಕತ್ತು ವಾಲಿಸಿ ಆ ಸದ್ದನ್ನೇ ಕೇಳುತ್ತಿದ್ದ. ನೀರು ಕಂಠದವರೆಗೆ ಬಂದ ಮೇಲೆ ಕ್ಲೆಮ್ ನಲ್ಲಿ ನಿಲ್ಲಿಸಿ, ಕೆಟಲನ್ನು ಒಲೆಯ ಮೇಲಿಟ್ಟು, ಆಮೇಲೆ ಮುಚ್ಚಳಕ್ಕೆ ಕೈ ಹಾಕಿದ.